ಹಳೇ ಸ್ಪೋರ್ಟ್ಸ್ ಕಾರಿಗೆ ಎಕ್ಸ್‌ಟೆಂಡೆಡ್ ವಾರಂಟಿ: ಹಾಸನ, ಚಿಕ್ಕಮಗಳೂರಿನವರು ದುಡ್ಡು ಕಟ್ಟುವ ಮುನ್ನ

ರೇಟು ಕುದುರಿ, ಅಡ್ವಾನ್ಸ್ ಕೊಟ್ಟು, ಇನ್ನೇನು ಕೀ ಕೈಗೆ ಬರಬೇಕು ಅನ್ನುವಾಗ ಡೀಲರ್ ಇನ್ನೊಂದು ಹಾಳೆ ಮುಂದಿಡುತ್ತಾರೆ: ಒಂದು ವರ್ಷಕ್ಕೋ ಎರಡು ವರ್ಷಕ್ಕೋ ಎಕ್ಸ್‌ಟೆಂಡೆಡ್ ವಾರಂಟಿ. ಸಾಧಾರಣ ಕಾರಿಗಾದರೆ ಇದು ತಲೆಕೆಡಿಸಿಕೊಳ್ಳುವ ವಿಷಯವಲ್ಲ. ಎಂಟು ಹತ್ತು ವರ್ಷ ಓಡಿದ ಬಿಎಂಡಬ್ಲ್ಯು ಝಡ್4, ಆಡಿ ಟಿಟಿ, ಪೋರ್ಷೆ ಬಾಕ್ಸ್‌ಟರ್, ಸ್ಕೋಡಾ ಆಕ್ಟೇವಿಯಾ ವಿಆರ್‌ಎಸ್‌ಗಳಲ್ಲಿ ಒಂದು ಭಾಗ ಕೈಕೊಟ್ಟರೂ ಲಕ್ಷದ ಮಾತು.

ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ. ಕಾರು ತಯಾರಿಸಿದ ಕಂಪನಿಯೇ ಕೊಡುವ ವಾರಂಟಿ ಆಗಿದ್ದು, ಗಾಡಿಯಲ್ಲಿ ಟರ್ಬೊ ಮತ್ತು ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್ (ಎರಡು ಕ್ಲಚ್ ಬಳಸಿ ತಾನೇ ಗೇರ್ ಬದಲಿಸುವಂಥದ್ದು) ಇದ್ದರೆ ತೆಗೆದುಕೊಳ್ಳಿ. ಡೀಲರ್ ತಮ್ಮ ಲೆಟರ್‌ಹೆಡ್‌ನಲ್ಲಿ ಬರೆದುಕೊಡುವ ಅಥವಾ ಮೂರನೆಯ ಕಂಪನಿಯೊಂದರಿಂದ ಕೊಡಿಸುವ ವಾರಂಟಿ ನಮ್ಮ ಜಿಲ್ಲೆಗಳಲ್ಲಿ ಬಹುಪಾಲು ಬೇಡ. ಆ ದುಡ್ಡನ್ನು ಕೊಳ್ಳುವ ಮೊದಲಿನ ತಪಾಸಣೆಗೆ ಸ್ವಲ್ಪ ಖರ್ಚು ಮಾಡಿ, ಉಳಿದದ್ದನ್ನು ರಿಪೇರಿಗೆಂದೇ ಬೇರೆ ಖಾತೆಯಲ್ಲಿಡಿ.

ಕಂಪನಿ ವಾರಂಟಿ ಸಿಗುವುದು ಎರಡು ದಾರಿಯಲ್ಲಿ. ಒಂದು, ಹಿಂದಿನ ಮಾಲೀಕರ ವಾರಂಟಿ ಇನ್ನೂ ಚಾಲ್ತಿಯಲ್ಲಿದ್ದು ಅದನ್ನು ಮುಂದುವರಿಸುವುದು. ಇನ್ನೊಂದು, ಬಿಎಂಡಬ್ಲ್ಯು ಪ್ರೀಮಿಯಂ ಸೆಲೆಕ್ಷನ್, ಆಡಿ ಅಪ್ರೂವ್ಡ್ ಪ್ಲಸ್, ಪೋರ್ಷೆ ಅಪ್ರೂವ್ಡ್‌ನಂಥ ಕಂಪನಿಯ ಸ್ವಂತ ಹಳೇ ಕಾರು ಯೋಜನೆಯಲ್ಲಿ ಕೊಳ್ಳುವುದು. ವಾರಂಟಿ ಒಮ್ಮೆ ಮುಗಿದುಹೋದ ಗಾಡಿಯನ್ನು ಮತ್ತೆ ಒಳಗೆ ಸೇರಿಸಬೇಕಾದರೆ ಕಂಪನಿ ವರ್ಕ್‌ಷಾಪಿನ ತಪಾಸಣೆಯಲ್ಲಿ ಪಾಸಾಗಬೇಕು, ಅವರು ಹೇಳಿದ ರಿಪೇರಿಯನ್ನು ನಿಮ್ಮ ಖರ್ಚಿನಲ್ಲೇ ಮುಗಿಸಿರಬೇಕು. ಹಾಗಾಗಿ ಗಾಡಿ ನೋಡಲು ಹೋದ ದಿನವೇ ಛಾಸಿ ನಂಬರ್ ಬರೆದುಕೊಂಡು, ಅಧಿಕೃತ ಸರ್ವಿಸ್ ಸೆಂಟರ್‌ಗೆ ಕೊಟ್ಟು ವಾರಂಟಿ ಯಾವ ತಾರೀಕಿಗೆ ಮುಗಿಯುತ್ತದೆ ಎಂದು ಕೇಳಿ. ಮುಗಿಯಲು ಎರಡು ತಿಂಗಳಿರುವ ಗಾಡಿಗೂ ಮುಗಿದು ಎರಡು ತಿಂಗಳಾದ ಗಾಡಿಗೂ ನಮ್ಮ ಕಣ್ಣಿನಲ್ಲಿ ಬೆಲೆ ಬೇರೆ ಬೇರೆ.

ಈಗ ನಮ್ಮೂರಿನ ಕಷ್ಟಕ್ಕೆ ಬರೋಣ. ಈ ಬಗೆಯ ಕಾರುಗಳ ಅಧಿಕೃತ ವರ್ಕ್‌ಷಾಪ್ ಎಂದರೆ ಹೆಚ್ಚಾಗಿ ಬೆಂಗಳೂರು, ಇಲ್ಲವೇ ಕೆಲವು ಬ್ರ್ಯಾಂಡಿಗೆ ಮಂಗಳೂರು. ಚಿಕ್ಕಮಗಳೂರಿನಿಂದ ಬೆಂಗಳೂರು ಸುಮಾರು 245 ಕಿ.ಮೀ., ಹಾಸನದಿಂದ ಸುಮಾರು 185. ಮಂಗಳೂರು ಹತ್ತಿರವೇ, ಆದರೆ ಚಾರ್ಮಾಡಿ ಅಥವಾ ಶಿರಾಡಿ ಇಳಿಯಬೇಕು. ಆಷಾಢದ ಮಳೆಯಲ್ಲಿ ಗುಡ್ಡ ಜರಿದರೆ ದಾರಿಯೇ ಬಂದ್. ನೆಲಕ್ಕೆ ಅಂಟಿಕೊಂಡಂತಿರುವ ಇಂಥ ಗಾಡಿಯನ್ನು ಹಗ್ಗ ಕಟ್ಟಿ ಎಳೆಯುವಂತಿಲ್ಲ. ಡ್ಯುಯಲ್ ಕ್ಲಚ್ ಗಾಡಿಯನ್ನು ಚಕ್ರ ಉರುಳಿಸಿಕೊಂಡು ದೂರ ಎಳೆದರೆ ಗೇರ್‌ಬಾಕ್ಸ್ ಒಳಗೇ ಹಾಳಾಗುತ್ತದೆ. ಗಾಡಿಯನ್ನು ಪೂರ್ತಿ ಮೇಲೇರಿಸಿಕೊಂಡು ಒಯ್ಯುವ ಫ್ಲಾಟ್‌ಬೆಡ್ ಲಾರಿಯೇ ಬೇಕು. ಹಾಗಾಗಿ ವಾರಂಟಿ ಹಾಳೆಯಲ್ಲಿ ಮೊದಲು ಹುಡುಕಬೇಕಾದ್ದು ಟೋಯಿಂಗ್ ಷರತ್ತು: ಎಷ್ಟು ಕಿ.ಮೀ.ವರೆಗೆ ಉಚಿತ, ಆಮೇಲೆ ಕಿ.ಮೀ.ಗೆ ಎಷ್ಟು, ಫ್ಲಾಟ್‌ಬೆಡ್ ಎಂದು ಬರೆದಿದೆಯೇ, ಮತ್ತು ‘ಹತ್ತಿರದ ವರ್ಕ್‌ಷಾಪ್’ ಎಂದರೆ ಯಾವುದು. 50 ಕಿ.ಮೀ. ಮಿತಿಯ ಟೋಯಿಂಗ್ ಮೂಡಿಗೆರೆಯವರಿಗಾಗಲಿ ಸಕಲೇಶಪುರದವರಿಗಾಗಲಿ ಅರ್ಧ ದಾರಿಗೂ ಸಾಲದು.

ಇದಕ್ಕೆ ಇನ್ನೊಂದು ಮುಖವಿದೆ. ವಾರಂಟಿ ಉಳಿಯಬೇಕಾದರೆ ಸರ್ವಿಸ್ ತಪ್ಪಬಾರದು. ‘15,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು’ ಎಂಬ ಸಾಲನ್ನು ಜನ ಓದುತ್ತಾರೆ, ಕಿ.ಮೀ. ಮಾತ್ರ ನೆನಪಿಟ್ಟುಕೊಳ್ಳುತ್ತಾರೆ. ತೋಟದ ಮನೆಯಲ್ಲಿ ನಿಂತು ವರ್ಷಕ್ಕೆ 2,000 ಕಿ.ಮೀ. ಓಡುವ ಗಾಡಿಗೂ ವರ್ಷಕ್ಕೊಮ್ಮೆ ಬೆಂಗಳೂರಿಗೆ ಹೋಗಿ ಆಯಿಲ್ ಬದಲಿಸಲೇಬೇಕು. ಒಂದು ವರ್ಷ ತಪ್ಪಿದರೂ ಕ್ಲೇಮ್ ತಿರಸ್ಕರಿಸಲು ಅವರಿಗೆ ಅಷ್ಟು ಸಾಕು. ಊರಿನ ಗ್ಯಾರೇಜಿನಲ್ಲಿ ಬದಲಿಸಬಹುದು ಎಂದು ಷರತ್ತು ಒಪ್ಪಿದರೂ ಬಿಲ್ಲಿನಲ್ಲಿ ಆಯಿಲ್‌ನ ಗ್ರೇಡ್ ಅಷ್ಟೇ ಅಲ್ಲ, ಕಂಪನಿಯ ಅನುಮೋದನೆಯ ಸಂಖ್ಯೆಯೂ ಇರಲಿ: ಫೋಕ್ಸ್‌ವ್ಯಾಗನ್ ಬಳಗಕ್ಕೆ (ಆಡಿ, ಸ್ಕೋಡಾ ಸೇರಿ) 502.00 ಅಥವಾ 504.00, ಬಿಎಂಡಬ್ಲ್ಯು ಪೆಟ್ರೋಲ್‌ಗೆ ಎಲ್‌ಎಲ್-01, ಪೋರ್ಷೆಗೆ ಎ40.

ಯಾವುದಕ್ಕೆ ವಾರಂಟಿ ಇಲ್ಲ ಎನ್ನುವ ಪಟ್ಟಿಯೇ ಇಡೀ ಒಪ್ಪಂದದ ತಿರುಳು. ಅದನ್ನು ಡೀಲರ್ ಬಾಯಲ್ಲಿ ಕೇಳಬೇಡಿ, ಕೂತು ಓದಿ. ಎರಡು ಬಗೆಯ ಒಪ್ಪಂದಗಳಿವೆ. ಒಂದರಲ್ಲಿ ‘ಇಂತಿಂಥ ಭಾಗಗಳಿಗೆ ಮಾತ್ರ’ ಎಂದಿರುತ್ತದೆ. ಪಟ್ಟಿಯಲ್ಲಿ ಹೆಸರಿಲ್ಲದ ಭಾಗ ನಿಮ್ಮ ತಲೆಗೆ. ಇನ್ನೊಂದರಲ್ಲಿ ‘ಇಂತಿಂಥವು ಬಿಟ್ಟು ಎಲ್ಲಕ್ಕೂ’ ಎಂದಿರುತ್ತದೆ. ನಿಮಗೆ ಬೇಕಾದ್ದು ಎರಡನೆಯದು. ಮೊದಲ ಬಗೆಯಲ್ಲಿ ‘ಗೇರ್‌ಬಾಕ್ಸ್‌ನ ಒಳಗಿನ ಎಣ್ಣೆಯಲ್ಲಿರುವ ಭಾಗಗಳು’ ಎಂದು ಬರೆದಿದ್ದರೆ, ಕೆಲವು ಗಾಡಿಗಳಲ್ಲಿ ಗೇರ್‌ಬಾಕ್ಸಿನ ಹೊರಮೈಗೆ ಬೋಲ್ಟ್ ಆಗಿರುವ ಮೆಕಾಟ್ರಾನಿಕ್ ಘಟಕ (ಗೇರ್ ಬದಲಾವಣೆ ನಡೆಸುವ ಎಲೆಕ್ಟ್ರಾನಿಕ್, ಹೈಡ್ರಾಲಿಕ್ ಭಾಗ) ಅದರಲ್ಲಿ ಸೇರುತ್ತದೆಯೇ ಎಂಬುದೇ ಜಗಳಕ್ಕೆ ಕಾರಣವಾಗುತ್ತದೆ. ಆ ಹೆಸರನ್ನೇ ಬರೆಸಿಕೊಳ್ಳಿ.

ಕ್ಲಚ್, ಬ್ರೇಕ್ ಪ್ಯಾಡ್, ಡಿಸ್ಕ್, ಟೈರ್, ಬುಷ್, ಬ್ಯಾಟರಿ ಇವು ಸವೆಯುವ ಭಾಗಗಳು, ಸಾಮಾನ್ಯವಾಗಿ ಯಾರೂ ಕೊಡುವುದಿಲ್ಲ. ಇದರಲ್ಲಿ ತಕರಾರಿಲ್ಲ. ಆದರೆ ಡ್ಯುಯಲ್ ಕ್ಲಚ್ ಗಾಡಿಯಲ್ಲಿ ಕ್ಲಚ್ ಪ್ಯಾಕ್ (ಜೋಡಿ ಕ್ಲಚ್‌ಗಳ ಘಟಕ) ಒಂದರದ್ದೇ ದೊಡ್ಡ ಬಿಲ್. ಘಾಟಿಯಲ್ಲಿ ಲಾರಿ ಹಿಂದೆ ಇಂಚಿಂಚು ಏರುವಾಗ ಎಣ್ಣೆಯಲ್ಲಿ ಮುಳುಗಿರದ ಒಣ ಕ್ಲಚ್ ಅರ್ಧ ಹಿಡಿತದಲ್ಲೇ ಇದ್ದು ಸುಡುತ್ತದೆ. ಗೇರ್‌ಬಾಕ್ಸ್ ಪೂರ್ತಿ ಸೇರಿದೆ ಎಂದುಕೊಂಡವರಿಗೆ ಕೊನೆಗೆ ‘ಕ್ಲಚ್ ಸವೆತ’ ಎಂಬ ಉತ್ತರ ಬರುತ್ತದೆ.

ಇಲಿ. ನಗೆಯ ಮಾತಲ್ಲ, ತೋಟದ ಷೆಡ್ಡಿನಲ್ಲಿ ವಾರಗಟ್ಟಲೆ ನಿಂತ ಗಾಡಿಯ ವೈರಿಂಗ್ ಕಡಿಯುವುದು ಮಲೆನಾಡಿನಲ್ಲಿ ಮಾಮೂಲು. ಹೊರಗಿನ ಹಾನಿ ಎಂದು ವಾರಂಟಿ ಅದನ್ನು ತಳ್ಳಿಹಾಕುತ್ತದೆ. ಇನ್ಶೂರೆನ್ಸ್ ಪಾಲಿಸಿಯಲ್ಲಿ ಇಲಿ ಕಡಿತ ಸೇರಿದೆಯೇ ಎಂದು ಏಜೆಂಟರನ್ನು ಕೇಳಿ ಬರಹದಲ್ಲಿ ಪಡೆಯಿರಿ.

ಎಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ಚೇಂಬರ್ ಇನ್ನೊಂದು. ಹಂಪ್‌ಗೋ ತೋಟದ ದಾರಿಯ ಕಲ್ಲಿಗೋ ತಾಗಿ ಅಲ್ಯೂಮಿನಿಯಂ ಚೇಂಬರ್ ಬಿರುಕು ಬಿಟ್ಟು, ಆಯಿಲ್ ಸೋರಿ, ಎಂಜಿನ್ ಜಾಮ್ ಆದರೆ ಎರಡು ಕಡೆಯೂ ಬಾಗಿಲು ಮುಚ್ಚುವ ಅಪಾಯವಿದೆ. ಹೊರಗಿನ ಪೆಟ್ಟು ಎಂದು ವಾರಂಟಿಯವರು, ಪೆಟ್ಟಿನ ನಂತರವೂ ಓಡಿಸಿದ್ದರಿಂದ ಆದ ಹಾನಿ ಎಂದು ಇನ್ಶೂರೆನ್ಸಿನವರು. ಇದಕ್ಕೆ ಮದ್ದು ಇನ್ಶೂರೆನ್ಸಿನ ಎಂಜಿನ್ ಪ್ರೊಟೆಕ್ಟ್ ಆಡ್-ಆನ್ (ಪಾಲಿಸಿಗೆ ಹೆಚ್ಚುವರಿ ದುಡ್ಡು ಕಟ್ಟಿ ಸೇರಿಸಿಕೊಳ್ಳುವ ರಕ್ಷಣೆ). ನೀರು ನುಗ್ಗಿ ಎಂಜಿನ್ ಕೆಟ್ಟರೂ ಅದೇ ಬೇಕು, ಸಾಧಾರಣ ಪಾಲಿಸಿ ಸಾಲದು. ನಮ್ಮ ಮಳೆ, ನಮ್ಮ ರಸ್ತೆಗೆ ವಾರಂಟಿಗಿಂತ ಮೊದಲು ಕೊಳ್ಳಬೇಕಾದ್ದು ಈ ಆಡ್-ಆನ್. ವಾರಂಟಿ ಕೊಂಡಿದ್ದೇವೆಂದು ಇದನ್ನು ಬಿಡುವವರನ್ನು ಕಂಡರೆ ಬೇಸರವಾಗುತ್ತದೆ.

ರೀಮ್ಯಾಪ್ (ಶಕ್ತಿ ಹೆಚ್ಚಿಸಲು ಎಂಜಿನ್ ಸಾಫ್ಟ್‌ವೇರ್ ಬದಲಿಸುವುದು) ಮತ್ತು ರ‍್ಯಾಲಿ. ಚಿಕ್ಕಮಗಳೂರು ರ‍್ಯಾಲಿಯ ಊರು, ಇಲ್ಲಿ ಕೈ ಬದಲಾಗುವ ಗಾಡಿಗಳಲ್ಲಿ ಟ್ಯೂನ್ ಆದವು ಕಡಿಮೆಯಿಲ್ಲ. ಮಾರುವ ಮೊದಲು ಮೂಲ ಸಾಫ್ಟ್‌ವೇರ್ ವಾಪಸ್ ಹಾಕಿದರೂ ಇಸಿಯು (ಎಂಜಿನ್ನಿನ ಕಂಪ್ಯೂಟರ್) ಒಳಗೆ ಎಷ್ಟು ಸಲ ಬರೆಯಲಾಗಿದೆ ಎಂಬ ಎಣಿಕೆ ಉಳಿಯಬಹುದು. ಫೋಕ್ಸ್‌ವ್ಯಾಗನ್ ಬಳಗದ ಗಾಡಿಗಳಿಗೆ ಕಂಪನಿಯ ವ್ಯವಸ್ಥೆಯಲ್ಲಿ ಟ್ಯೂನ್ ಆಗಿದೆ ಎನ್ನುವ ಟಿಡಿ1 ಗುರುತು ಬೀಳುತ್ತದೆ. ಬಿದ್ದ ಮೇಲೆ ಎಂಜಿನ್, ಗೇರ್‌ಬಾಕ್ಸ್ ಕ್ಲೇಮ್ ಕಷ್ಟ. ತಪ್ಪು ಹಿಂದಿನ ಮಾಲೀಕರದ್ದಾದರೂ ಅನುಭವಿಸುವವರು ನೀವು. ರೇಸ್, ವೇಗ ಪರೀಕ್ಷೆಗಳನ್ನು ಒಪ್ಪಂದಗಳು ಹೊರಗಿಡುತ್ತವೆ; ಭಾನುವಾರದ ಟಿಎಸ್‌ಡಿ (ನಿಗದಿತ ಸಮಯ, ವೇಗ, ದೂರ ಪಾಲಿಸುವ) ರ‍್ಯಾಲಿಯೂ ಅದರಲ್ಲಿ ಬರುತ್ತದೆಯೇ ಎಂದು ಕೇಳಿಯೇ ಸಹಿ ಹಾಕಿ.

ಪೆಟ್ರೋಲಿನ ವಿಷಯ ಚಿಕ್ಕದು, ಆದರೆ ಮರೆಯಬೇಡಿ: 2023ರ ಏಪ್ರಿಲ್‌ಗಿಂತ ಹಿಂದಿನ ಬಹಳಷ್ಟು ಗಾಡಿಗಳ ರಬ್ಬರ್ ಭಾಗಗಳು ಇ20 (ಶೇ 20 ಎಥನಾಲ್ ಬೆರೆಸಿದ ಪೆಟ್ರೋಲ್) ಲೆಕ್ಕದಲ್ಲಿ ಮಾಡಿದವಲ್ಲ. ಇ20ಯಿಂದ ಇಂಧನ ಪಂಪ್, ಪೈಪ್ ಕೆಟ್ಟರೆ ಕೊಡುತ್ತೀರಾ ಎಂಬ ಪ್ರಶ್ನೆಗೆ ಇಮೇಲ್‌ನಲ್ಲಿ ಉತ್ತರ ಪಡೆಯಿರಿ.

ಇನ್ನು ಗಾಡಿಗಳ ವಿಷಯಕ್ಕೆ ಬರೋಣ, ಏಕೆಂದರೆ ಯಾವ ಗಾಡಿ ಎಲ್ಲಿ ಕೆಡುತ್ತದೆ ಎಂಬುದರ ಮೇಲೆ ವಾರಂಟಿಯ ಬೆಲೆ ನಿಂತಿದೆ. ನಮ್ಮ ಕಡೆ ಹೆಚ್ಚು ಕಾಣುವ 1.2 ಲೀಟರ್ ಪೋಲೊ ಜಿಟಿ ಟಿಎಸ್‌ಐಯಲ್ಲಿರುವುದು ಡಿಕ್ಯೂ200, ಏಳು ಗೇರಿನ ಒಣ ಕ್ಲಚ್ ಡಿಎಸ್‌ಜಿ (ಫೋಕ್ಸ್‌ವ್ಯಾಗನ್ ಬಳಗದ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸಿನ ಹೆಸರು). ಇದರ ಮೆಕಾಟ್ರಾನಿಕ್‌ನಲ್ಲಿ ಒತ್ತಡ ಹಿಡಿದಿಡುವ ಅಕ್ಯುಮ್ಯುಲೇಟರ್ ಕೂರುವ ಜಾಗದಲ್ಲಿ ಬಿರುಕು ಬಂದು ಎಣ್ಣೆ ಸೋರುತ್ತದೆ. ಒತ್ತಡ ಹೋದರೆ ಮೀಟರಿನಲ್ಲಿ ಗೇರ್ ಅಕ್ಷರ ಮಿನುಗುತ್ತದೆ, ಸಮ ಅಥವಾ ಬೆಸ ಗೇರುಗಳು ಮಾಯವಾಗುತ್ತವೆ, ಕೊನೆಗೆ ಗಾಡಿ ಕದಲುವುದಿಲ್ಲ. ಇವುಗಳ ಕಂಪನಿ ವಾರಂಟಿ ಅವಧಿ ಹೆಚ್ಚಿನವುಗಳಿಗೆ ದಾಟಿದೆ. ಹೊರಗಿನ ವಾರಂಟಿ ಈ ಘಟಕವನ್ನು ಹೆಸರಿಸಿ ಕೊಡದಿದ್ದರೆ ಒಂದು ರೂಪಾಯಿಯೂ ಕಟ್ಟಬೇಡಿ. ಆಕ್ಟೇವಿಯಾ ವಿಆರ್‌ಎಸ್ 230ರಲ್ಲಿರುವುದು ಎಣ್ಣೆಯಲ್ಲಿ ಮುಳುಗಿದ ಕ್ಲಚ್‌ನ ಆರು ಗೇರಿನ ಡಿಕ್ಯೂ250. ಘಾಟಿಗೆ ಇದೇ ಗಟ್ಟಿ, 60,000 ಕಿ.ಮೀ.ಗೊಮ್ಮೆ ಎಣ್ಣೆ ಮತ್ತು ಫಿಲ್ಟರ್ ಬದಲಿಸಿದ ಬಿಲ್ ಇರಬೇಕು ಅಷ್ಟೇ. ಆ ಎಂಜಿನ್ನಿನ ಪ್ಲಾಸ್ಟಿಕ್ ಥರ್ಮೋಸ್ಟಾಟ್ ಹೌಸಿಂಗ್ ಕೂಲೆಂಟ್ ಸೋರುವುದು ಗೊತ್ತಿರುವ ವಿಷಯ. ಬಿಲ್ ತಾಳಿಕೊಳ್ಳುವಂಥದ್ದು, ಅದಕ್ಕಾಗಿ ವಾರಂಟಿ ಬೇಡ.

ಝಡ್4 35ಐಗೆ ನಮ್ಮ ಉತ್ತರ ಬೇರೆ. ಎನ್54 ಟ್ವಿನ್ ಟರ್ಬೊ ಎಂಜಿನ್ನಿನ ಹೈ ಪ್ರೆಷರ್ ಇಂಧನ ಪಂಪ್, ಮುನ್ಸೂಚನೆ ಕೊಡದೆ ನಿಲ್ಲುವ ಎಲೆಕ್ಟ್ರಿಕ್ ವಾಟರ್ ಪಂಪ್, ಸಡಿಲವಾಗುವ ಟರ್ಬೊ ವೇಸ್ಟ್‌ಗೇಟ್ (ಟರ್ಬೊ ಒತ್ತಡ ಹಿಡಿತದಲ್ಲಿಡುವ ಕವಾಟ), ಮೇಲೆ ಹೈಡ್ರಾಲಿಕ್‌ನಲ್ಲಿ ಮಡಚುವ ಲೋಹದ ಛಾವಣಿ. ಒಂದಾದ ಮೇಲೊಂದು ಬರಬಹುದು. ಕಂಪನಿ ವಾರಂಟಿ ಸಿಕ್ಕರೆ ಬಿಡಬೇಡಿ. 2008ರವರೆಗಿನ ಬಾಕ್ಸ್‌ಟರ್, ಕೇಮನ್‌ಗಳಲ್ಲಿ ಎಂಜಿನ್ ಒಳಗಿನ ಇಂಟರ್‌ಮೀಡಿಯೆಟ್ ಶಾಫ್ಟ್ ಎಂಬ ದಂಡದ ಬೇರಿಂಗ್ ಒಡೆದರೆ ಇಡೀ ಎಂಜಿನ್ ಹೋಗುತ್ತದೆ; 2009ರಿಂದ ಬಂದ ಹೊಸ ಎಂಜಿನ್ನಿನಲ್ಲಿ ಆ ಶಾಫ್ಟೇ ಇಲ್ಲ. ಹಳೆಯದನ್ನು ವಾರಂಟಿ ನಂಬಿ ಕೊಳ್ಳುವುದಕ್ಕಿಂತ ಸ್ವಲ್ಪ ದುಡ್ಡು ಸೇರಿಸಿ ಹೊಸದಕ್ಕೆ ಹೋಗುವುದು ಜಾಣತನ.

ಛಾವಣಿ ತೆರೆಯುವ ಎಲ್ಲ ಗಾಡಿಗೂ ಮಲೆನಾಡಿನಲ್ಲಿ ಒಂದೇ ಶತ್ರು: ಸಿಲ್ವರ್ ಓಕ್ ಎಲೆ. ಎಲೆ ಕೊಳೆತು ನೀರು ಇಳಿಯುವ ರಂಧ್ರ ಮುಚ್ಚಿದರೆ ನೀರು ಒಳಗೆ ನಿಲ್ಲುತ್ತದೆ. ಬಾಕ್ಸ್‌ಟರ್‌ನಲ್ಲಿ ಸೀಟಿನ ಕೆಳಗೆ ಕೂತಿರುವ, ಕಳ್ಳತನ ತಡೆಯುವ ಇಮೊಬಿಲೈಸರ್ ಘಟಕ ನೆನೆದು ಗಾಡಿ ಸ್ಟಾರ್ಟ್ ಆಗುವುದಿಲ್ಲ. ಮೊದಲ ತಲೆಮಾರಿನ ಝಡ್4ರಲ್ಲಿ ಛಾವಣಿಯ ಪಂಪ್ ಮೋಟರ್ ಮುಳುಗುತ್ತದೆ. ನಿರ್ವಹಣೆಯ ಕೊರತೆ ಎಂದು ಇದನ್ನೂ ವಾರಂಟಿ ಕೊಡದಿರಬಹುದು. ಮೃಗಶಿರಾ ಮಳೆಗೆ ಮುನ್ನ ಒಮ್ಮೆ, ಮಧ್ಯದಲ್ಲಿ ಇನ್ನೊಮ್ಮೆ ರಂಧ್ರಗಳನ್ನು ಮೃದುವಾದ ನೈಲಾನ್ ತಂತಿಯಿಂದ ಬಿಡಿಸಿ, ಒಂದು ಲೋಟ ನೀರು ಹಾಕಿ ಕೆಳಗೆ ಇಳಿಯುತ್ತದೆಯೇ ನೋಡಿ.

ಲೆಕ್ಕ ಹಾಕುವ ಬಗೆ ಹೀಗೆ. ಹೊರಗಿನ ವಾರಂಟಿಗೆ ವರ್ಷಕ್ಕೆ 90,000 ರೂ., ಒಂದು ಕ್ಲೇಮ್‌ಗೆ ಮಿತಿ 1 ಲಕ್ಷ, 80,000 ಕಿ.ಮೀ. ದಾಟಿದ ಗಾಡಿಗೆ ಬಿಡಿಭಾಗದ ಬೆಲೆಯಲ್ಲಿ ಶೇ 30 ನಿಮ್ಮದು ಎಂದಿಟ್ಟುಕೊಳ್ಳಿ. ಗೇರ್‌ಬಾಕ್ಸ್ ಬಿಲ್ 2 ಲಕ್ಷ ಬಂತು: ಬಿಡಿಭಾಗ 1,60,000, ಕೂಲಿ 40,000. ಶೇ 30 ಕಳೆದರೆ ಉಳಿದದ್ದು 1,52,000. ಮಿತಿಯಿಂದ ಕೈಗೆ ಬರುವುದು 1 ಲಕ್ಷ. ನಿಮ್ಮ ಕೈಯಿಂದ ಹೋದದ್ದು 1 ಲಕ್ಷ, ಜೊತೆಗೆ ಮೊದಲೇ ಕಟ್ಟಿದ 90,000. ಉಳಿತಾಯ 10,000, ಬೆಂಗಳೂರಿನವರೆಗಿನ ಫ್ಲಾಟ್‌ಬೆಡ್ ಬಾಡಿಗೆ ಅದನ್ನೂ ನುಂಗುತ್ತದೆ. ಗೇರ್‌ಬಾಕ್ಸ್ ಕೆಟ್ಟ ವರ್ಷದ ಕಥೆ ಇದು, ಕೆಡದ ವರ್ಷ 90,000 ಪೂರ್ತಿ ಹೋದಂತೆ. ಬೆಲೆಗಿಂತ ಈ ಮಿತಿಯನ್ನೇ ಮೊದಲು ನೋಡಿ ಎಂದು ಒತ್ತಿ ಹೇಳುವುದು ಇದಕ್ಕೆ. ಮಿತಿಯೊಳಗೆ ಜಿಎಸ್‌ಟಿ ಸೇರಿದೆಯೇ, ಬಿಚ್ಚಿ ನೋಡುವ ಕೂಲಿ ಯಾರದು, ಮೊದಲ ಎಷ್ಟು ದಿನ ಕ್ಲೇಮ್ ಮಾಡುವಂತಿಲ್ಲ, ಇವನ್ನೂ ಕೇಳಿ.

ವಾರಂಟಿ ಕೊಳ್ಳಲಿ ಬಿಡಲಿ, ತಪಾಸಣೆ ಬಿಡುವಂತಿಲ್ಲ. ರಾತ್ರಿಯಿಡೀ ನಿಂತು ತಣ್ಣಗಾದ ಎಂಜಿನ್ನನ್ನು ನಿಮ್ಮ ಮುಂದೆಯೇ ಸ್ಟಾರ್ಟ್ ಮಾಡಿಸಿ. ಎಂಜಿನ್ ಒಳಗಿನ ಟೈಮಿಂಗ್ ಚೈನ್ ಸಡಿಲವಾಗಿದ್ದರೆ ಅದರ ಸದ್ದು ಮೊದಲ ಕೆಲವು ಸೆಕೆಂಡಿನಲ್ಲೇ ಕೇಳುತ್ತದೆ. ದೋಷದ ಕೋಡ್ ಓದುವ ಸಾಧಾರಣ ಸ್ಕ್ಯಾನರ್ ಸಾಲದು, ಫೋಕ್ಸ್‌ವ್ಯಾಗನ್ ಬಳಗಕ್ಕೆ ವಿಸಿಡಿಎಸ್, ಬಿಎಂಡಬ್ಲ್ಯುಗೆ ಇಸ್ಟಾ, ಪೋರ್ಷೆಗೆ ಪಿವಿಸ್ ಬೇಕು. ಡಿಎಸ್‌ಜಿಯಲ್ಲಿ ಎರಡೂ ಕ್ಲಚ್‌ಗಳ ಅಡಾಪ್ಟೇಷನ್ ಅಂಕಿ (ಸವೆತಕ್ಕೆ ತಕ್ಕಂತೆ ಗೇರ್‌ಬಾಕ್ಸ್ ಹೊಂದಿಸಿಕೊಂಡ ಲೆಕ್ಕ), ಕ್ಲಚ್ ಅತಿಯಾಗಿ ಬಿಸಿಯಾದ ದಾಖಲೆ ತೆಗೆಸಿ. ಮ್ಯಾನುವಲ್ ಪೋರ್ಷೆಯಲ್ಲಿ ಮಿತಿಮೀರಿದ ಆರ್‌ಪಿಎಂ ದಾಖಲೆ ನೋಡಿ. ದೋಷದ ಕೋಡ್ ಒಂದೂ ಇಲ್ಲ, ಆದರೆ ಗಾಡಿ ತಾನೇ ಮಾಡಿಕೊಳ್ಳುವ ರೆಡಿನೆಸ್ ಪರೀಕ್ಷೆಗಳು ‘ಪೂರ್ಣವಾಗಿಲ್ಲ’ ಎಂದು ತೋರಿಸಿದರೆ ಯಾರೋ ಈಚೆಗೆ ಕೋಡ್ ಅಳಿಸಿರಬಹುದು, 150 ಕಿ.ಮೀ. ಓಡಿಸಿ ಮತ್ತೆ ಸ್ಕ್ಯಾನ್ ಮಾಡಿಸಿ. ಕಾರ್ಪೆಟ್ ಎತ್ತಿ ಸೀಟ್ ರೈಲಿನ ತುಕ್ಕು ನೋಡಿ, ಒಳಗೆ ನೀರು ನಿಂತಿದ್ದರೆ ಅಲ್ಲಿ ಗೊತ್ತಾಗುತ್ತದೆ. ಈ ವರದಿಯ ಪ್ರತಿ ಇಟ್ಟುಕೊಂಡರೆ, ನಾಳೆ ‘ದೋಷ ಮೊದಲೇ ಇತ್ತು’ ಎಂದು ಕ್ಲೇಮ್ ತಳ್ಳಿದಾಗ ಅದೇ ನಿಮ್ಮ ಸಾಕ್ಷಿ.

ಆರ್‌ಸಿ ಹೆಸರು ಬದಲಾವಣೆ ತಡ ಮಾಡಬೇಡಿ. ಕೆಎ-18 ಆಗಲಿ ಕೆಎ-13 ಆಗಲಿ, ನಮೂನೆ 29 ಮತ್ತು 30 ಕೊಟ್ಟು, ಹೊಸ ಆರ್‌ಸಿಯ ಪ್ರತಿಯನ್ನು ವಾರಂಟಿ ಕಂಪನಿಗೂ ಕಳಿಸಿ. ಹಳೆಯ ಹೆಸರಿನಲ್ಲಿರುವ ಗಾಡಿಗೆ ಹೊಸ ಮಾಲೀಕರ ಕ್ಲೇಮ್ ನಡೆಯುವುದಿಲ್ಲ.

ಗಾಡಿ ಕೆಟ್ಟ ದಿನ: ಕೆಂಪು ದೀಪ ಬಂದ ತಕ್ಷಣ ನಿಲ್ಲಿಸಿ. ಮನೆ ತಲುಪೋಣವೆಂದು ಇನ್ನೆರಡು ಕಿ.ಮೀ. ಓಡಿಸಿದರೆ ವಾಟರ್ ಪಂಪಿನ ಬಿಲ್ ಹೆಡ್ ಗ್ಯಾಸ್ಕೆಟ್ ಬಿಲ್ ಆಗುತ್ತದೆ, ಅದನ್ನು ಯಾರೂ ಕೊಡುವುದಿಲ್ಲ. ಮೀಟರಿನ ಫೋಟೊ ತೆಗೆಯಿರಿ, ಕಿ.ಮೀ. ಕಾಣಬೇಕು. ಕೋಡ್ ಅಳಿಸಬೇಡಿ, ಊರಿನ ಮೆಕ್ಯಾನಿಕ್ ಎಷ್ಟೇ ಪಳಗಿದವರಾದರೂ ಬೋಲ್ಟ್ ಬಿಚ್ಚಲು ಬಿಡಬೇಡಿ. ಫೋನಿನಲ್ಲಿ ತಿಳಿಸಿದ್ದನ್ನು ಅದೇ ದಿನ ಇಮೇಲ್ ಮಾಡಿ. ಅನುಮತಿ ಬರುವ ಮೊದಲು ಕೆಲಸ ಶುರುವಾದರೆ ಕ್ಲೇಮ್ ಹೋಯಿತು. ತಿರಸ್ಕರಿಸಿದರೆ ಯಾವ ಷರತ್ತಿನಡಿ ಎಂದು ಲಿಖಿತವಾಗಿ ಕೇಳಿ, ಕೆಟ್ಟ ಭಾಗವನ್ನು ವಾಪಸ್ ಪಡೆಯಿರಿ.

ಅಲ್ಲಿಗೂ ಬಗೆಹರಿಯದಿದ್ದರೆ ಬೆಂಗಳೂರಿಗೆ ಅಲೆಯಬೇಕಿಲ್ಲ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ, ಅಂದರೆ ಹಾಸನ ಅಥವಾ ಚಿಕ್ಕಮಗಳೂರಿನಲ್ಲೇ, ದೂರು ಕೊಡಬಹುದು. ಕಾಲಮಿತಿ ಎರಡು ವರ್ಷ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಸಂಖ್ಯೆ ಪಡೆದರೆ ಎಷ್ಟೋ ಸಲ ಅಲ್ಲೇ ಮಾತುಕತೆ ಶುರುವಾಗುತ್ತದೆ. ಗಾಡಿಯನ್ನು ಎಸ್ಟೇಟಿನ ಸಂಸ್ಥೆಯ ಹೆಸರಿನಲ್ಲಿ ಕೊಳ್ಳುವ ಯೋಚನೆ ಇದ್ದರೆ ವಕೀಲರನ್ನು ಒಮ್ಮೆ ಕೇಳಿ: ವಾಣಿಜ್ಯ ಉದ್ದೇಶದ ಖರೀದಿ, ನೀವು ಗ್ರಾಹಕರೇ ಅಲ್ಲ ಎಂದು ಎದುರು ಪಕ್ಷದವರು ತಕರಾರು ತೆಗೆಯುವ ಅವಕಾಶವಿದೆ. ಸ್ವಂತ ಹೆಸರಿನಲ್ಲಿದ್ದರೆ ಆ ಗೋಜಲಿಲ್ಲ.