ಹುರಿಹಿಟ್ಟಿನ ವ್ಯಾಪಾರಕ್ಕೆ ಮುನ್ನ: ಗ್ರಾಹಕರ ಮನಸ್ಸು ತಿಳಿಯಲು ಯಾವ ದಾರಿ ಮೇಲು?

ತುಮಕೂರಿನಲ್ಲಿ ಸಣ್ಣ ಉದ್ಯಮಕ್ಕೆ ಕೈಹಾಕುವವರ ಮೊದಲ ಖರ್ಚು ಸಾಮಾನ್ಯವಾಗಿ ಯಂತ್ರಕ್ಕೆ, ಎರಡನೆಯದು ಪೊಟ್ಟಣದ ಮುದ್ರಣಕ್ಕೆ. ಕೊಳ್ಳುವವರು ಯಾರು ಎಂಬ ಪ್ರಶ್ನೆ ಏಳುವ ಹೊತ್ತಿಗೆ ಸಾಲದ ಕಂತು ಶುರುವಾಗಿರುತ್ತದೆ. ನಾನು ಮತ್ತು ನನ್ನ ಓರಗಿತ್ತಿ ರಾಗಿ ಹುರಿಹಿಟ್ಟು ಮಾಡಿ ಮಾರುವುದೆಂದು ನಿಶ್ಚಯಿಸಿದಾಗ ಕೊಳ್ಳುವವರಿಂದಲೇ ಆರಂಭಿಸಿದೆವು. ಮನೆಯ ಬಾಣಲೆಯಲ್ಲಿ ರಾಗಿ ಅರಳಿಸಿ, ಬಡಾವಣೆಯ ಗಿರಣಿಯಲ್ಲಿ ಬೀಸಿಸಿ, ನಾಲ್ಕು ಬೇರೆ ಬೇರೆ ವಿಧಾನಗಳಲ್ಲಿ ಜನರ ಮುಂದಿಟ್ಟೆವು. ಮೊಬೈಲಿನಲ್ಲಿ ಪ್ರಶ್ನಾವಳಿ ಕಳುಹಿಸಿದೆವು, ಮನೆಗಳಿಗೆ ಹೋಗಿ ಮಾತನಾಡಿದೆವು, ಮೇಜು ಹಾಕಿ ಮಾರಿದೆವು, ಮುಂಗಡ ಹಣ ಪಡೆದು ವಾರವಾರ ಮನೆಗೆ ತಲುಪಿಸಿದೆವು. ನಾಲ್ಕೂ ಕೊಟ್ಟ ಉತ್ತರಗಳು ಒಂದಕ್ಕೊಂದು ತಾಳೆಯಾಗಲಿಲ್ಲ. ಯಾವುದನ್ನು ಎಷ್ಟು ನಂಬಬೇಕು ಎಂಬುದನ್ನು ಇಂಥದ್ದೇ ಯೋಚನೆಯಲ್ಲಿರುವವರಿಗಾಗಿ ಬರೆಯುತ್ತಿದ್ದೇನೆ.

ಪ್ರಶ್ನಾವಳಿ ಎಲ್ಲಕ್ಕಿಂತ ಅಗ್ಗ. ಗೂಗಲ್ ಫಾರ್ಮ್ ಮಾಡಲು ಹಣ ಬೇಡ. ಶಾಲಾ ಪೋಷಕರ ಗುಂಪು, ಬಡಾವಣೆಯ ಗುಂಪು, ನೆಂಟರ ಗುಂಪು ಎಂದು ವಾಟ್ಸ್ಆ್ಯಪ್‌ನಲ್ಲಿ ಹಂಚಿದರೆ ರಾತ್ರಿಯೊಳಗೆ ಉತ್ತರಗಳು ಬಂದು ಬೀಳುತ್ತವೆ. ಆದರೆ ಬಂದ ಉತ್ತರಗಳೆಲ್ಲ ಹೆಚ್ಚುಕಡಿಮೆ ಒಂದೇ: ಒಳ್ಳೆಯ ಯೋಚನೆ, ಖಂಡಿತ ಕೊಳ್ಳುತ್ತೇವೆ. ಎಲ್ಲರೂ ಎಲ್ಲರಿಗೂ ಗೊತ್ತಿರುವ ನಮ್ಮಂಥ ಊರಿನಲ್ಲಿ ದಾಕ್ಷಿಣ್ಯಕ್ಕಿಂತ ದೊಡ್ಡ ಕಲಬೆರಕೆ ಇಲ್ಲ. ಬೇಡ ಎಂದು ಬರೆದವರು ನಾಳೆ ಮದುವೆಮನೆಯಲ್ಲಿ ನಮ್ಮ ಎದುರೇ ಕುಳಿತು ಊಟ ಮಾಡಬೇಕಲ್ಲ! ಬೆಲೆಯ ಪ್ರಶ್ನೆಗೆ ಬಂದ ಅಂಕಿಗಳಂತೂ ಯಾವ ಲೆಕ್ಕಕ್ಕೂ ಬರುವಂಥವಲ್ಲ. ಕೈಯಿಂದ ಹಣ ಹೋಗದಿರುವಾಗ ನೂರೂ ಒಂದೇ, ಇನ್ನೂರೂ ಒಂದೇ. ಆ ಫಾರ್ಮಿನಲ್ಲಿ ನಿಜಕ್ಕೂ ಉಪಯೋಗಕ್ಕೆ ಬಂದದ್ದು ಕೊನೆಯ ಸಾಲು ಮಾತ್ರ: ‘ಮಾದರಿ ಬೇಕಿದ್ದರೆ ಮೊಬೈಲ್ ಸಂಖ್ಯೆ ಬರೆಯಿರಿ.’ ಮುಂದೆ ಯಾರ ಬಾಗಿಲು ತಟ್ಟಬೇಕು ಎಂಬುದಕ್ಕೆ ಅದರಿಂದ ಒಂದು ಪಟ್ಟಿ ಸಿಕ್ಕಿತು.

ಮನೆಗೆ ಹೋಗಿ ಮಾತನಾಡುವುದಕ್ಕೆ ಹಣಕ್ಕಿಂತ ಸಮಯ ಹೆಚ್ಚು ಬೇಕು. ಇಲ್ಲಿ ನಾವು ಒಂದು ನಿಯಮ ಇಟ್ಟುಕೊಂಡೆವು. ನಮ್ಮ ಹಿಟ್ಟನ್ನು ತೋರಿಸುವಂತಿಲ್ಲ, ‘ಕೊಳ್ಳುತ್ತೀರಾ’ ಎಂದು ಕೇಳುವಂತಿಲ್ಲ. ನಡೆದುಹೋದದ್ದನ್ನು ಮಾತ್ರ ಕೇಳಬೇಕು. ಕಳೆದ ಬಾರಿ ಹುರಿಹಿಟ್ಟು ತಿಂದದ್ದು ಯಾವಾಗ? ಅದು ಎಲ್ಲಿಂದ ಬಂತು? ಡಬ್ಬಿ ಪೂರ್ತಿ ಖಾಲಿಯಾಯಿತೇ? ಮುಂದಿನದನ್ನು ಕೇಳಿದರೆ ಜನ ಆಸೆಯನ್ನು ಹೇಳುತ್ತಾರೆ, ಹಿಂದಿನದನ್ನು ಕೇಳಿದರೆ ನೆನಪನ್ನು ಹೇಳುತ್ತಾರೆ. ಆ ಮೂರನೆಯ ಪ್ರಶ್ನೆಯಲ್ಲೇ ನಮ್ಮ ವ್ಯಾಪಾರದ ಗುಟ್ಟೆಲ್ಲ ಇತ್ತು. ಕ್ಯಾತಸಂದ್ರದ ಅಜ್ಜಿಯೊಬ್ಬರು, ಅಂಗಡಿಯ ಹಿಟ್ಟನ್ನು ಎರಡು ಸಲ ಕಲಸಿ ತಿಂದದ್ದಾಗಿಯೂ ಹಲ್ಲಿಗೆ ಮರಳು ಸಿಕ್ಕಿದ್ದರಿಂದ ಮಿಕ್ಕಿದ್ದನ್ನು ಹಸುವಿನ ಕಲಗಚ್ಚಿಗೆ ಹಾಕಿದ್ದಾಗಿಯೂ ಹೇಳಿದರು. ಕಾದ ಮರಳಿನಲ್ಲಿ ಅರಳಿಸಿದ ರಾಗಿಯನ್ನು ಚೆನ್ನಾಗಿ ಜರಡಿ ಹಿಡಿಯದಿದ್ದರೆ ಹಾಗಾಗುತ್ತದೆ. ಇನ್ನೊಂದು ಮನೆಯಲ್ಲಿ ಕೇಳಿದ್ದು ಕಮಟು ವಾಸನೆಯ ದೂರು. ಬೀಸಿ ಬಹಳ ದಿನವಾದ ಹಿಟ್ಟಿಗೆ ಅದು ಬಂದೇ ಬರುತ್ತದೆ. ಆಮೇಲೆ ನಾವು ಮರಳು ಬಿಟ್ಟು ಒಣ ಬಾಣಲೆಯಲ್ಲೇ ಅರಳಿಸತೊಡಗಿದೆವು, ಪೊಟ್ಟಣದ ಮೇಲೆ ಬೀಸಿದ ದಿನಾಂಕವನ್ನು ದಪ್ಪ ಅಕ್ಷರದಲ್ಲಿ ಬರೆದೆವು. ಯಾವ ಪ್ರಶ್ನಾವಳಿಯಲ್ಲೂ ಈ ಎರಡು ಸಂಗತಿ ಹೊರಬರುತ್ತಿರಲಿಲ್ಲ, ಏಕೆಂದರೆ ಅದರಲ್ಲಿ ಮರಳಿನ ಬಗ್ಗೆ ಕೇಳಬೇಕೆಂದು ನಮಗೇ ಹೊಳೆದಿರಲಿಲ್ಲ.

ಎಷ್ಟು ಮನೆ ಸಾಕು ಎಂದು ಕೇಳುವವರಿಗೆ ಒಂದು ಮಾತು. ಐವರು ಬಳಕೆದಾರರೊಂದಿಗೆ ಪರೀಕ್ಷಿಸಿದರೆ ಬಳಕೆಯ ತೊಡಕುಗಳಲ್ಲಿ ಸುಮಾರು ಶೇ 85ರಷ್ಟು ಕಣ್ಣಿಗೆ ಬೀಳುತ್ತವೆ ಎಂದು ಜಾಲತಾಣಗಳ ಬಳಕೆಯ ತಜ್ಞ ಜೇಕಬ್ ನೀಲ್ಸನ್ 2000ರಲ್ಲಿ ಬರೆದರು. ಅವರು ಹೇಳಿದ್ದು ಜಾಲತಾಣಗಳ ವಿಷಯ, ಹಿಟ್ಟಿನದ್ದಲ್ಲ. ಆದರೂ ಕೆಲವು ಮನೆಗಳಾದ ಮೇಲೆ ಅದೇ ಮಾತು ಮತ್ತೆ ಮತ್ತೆ ಕಿವಿಗೆ ಬೀಳುವ ಅನುಭವ ನಮಗೂ ಆಯಿತು. ಬಳಸುವವರು ತೀರಾ ಬೇರೆ ಬೇರೆ ಬಗೆಯವರಾಗಿದ್ದರೆ ಪ್ರತಿ ಬಗೆಯನ್ನೂ ಪ್ರತ್ಯೇಕವಾಗಿ ಪರೀಕ್ಷಿಸಬೇಕು ಎಂದೂ ಅವರು ಹೇಳಿದ್ದಾರೆ. ನಮ್ಮ ಕೆಲಸಕ್ಕೆ ಹೆಚ್ಚು ನೆರವಾದದ್ದು ಆ ಮಾತೇ. ವಯಸ್ಸಾದವರ ಮಾತೇ ಬೇರೆ, ಶಾಲೆಗೆ ಹೋಗುವ ಮಕ್ಕಳ ತಾಯಂದಿರ ಮಾತೇ ಬೇರೆ.

ಮೇಜು ಹಾಕಿ ಮಾರಿದ್ದು ಅಮಾನಿಕೆರೆಯ ಬಳಿ, ಬೆಳಗಿನ ನಡಿಗೆಗೆ ಬರುವವರಿಗೆ. ಆಮೇಲೆ ಶಿವರಾತ್ರಿಯ ಸಮಯದಲ್ಲಿ, ಸಿದ್ಧಗಂಗೆಯ ಜಾತ್ರೆಗೆ ಹೋಗಿಬರುವ ಜನರಿಗೆ. ನಾಲ್ಕರಲ್ಲಿ ಹೆಚ್ಚು ಖುಷಿ ಕೊಟ್ಟದ್ದು ಇದೇ, ಹೆಚ್ಚು ದಾರಿ ತಪ್ಪಿಸಬಲ್ಲದ್ದೂ ಇದೇ. ಒಂದು ಲಾಭವನ್ನಂತೂ ಒಪ್ಪಬೇಕು: ಬೆಲೆ ಮತ್ತು ಪೊಟ್ಟಣದ ಅಳತೆ ತಿಳಿಯಲು ಇದಕ್ಕೆ ಸಮನಾದದ್ದಿಲ್ಲ. ಕಾಲು ಕೆ.ಜಿ.ಗೆ 60 ರೂಪಾಯಿ ಇಟ್ಟ ದಿನವೂ 80 ಇಟ್ಟ ದಿನವೂ ವ್ಯಾಪಾರದ ವೇಗದಲ್ಲಿ ವ್ಯತ್ಯಾಸ ಕಾಣಲಿಲ್ಲ. ಅರ್ಧ ಕೆ.ಜಿ.ಯ ಪೊಟ್ಟಣವನ್ನು ಮಾತ್ರ ಜನ ಕೈಗೆತ್ತಿಕೊಂಡು, ತಿರುಗಿಸಿ ನೋಡಿ, ಅಲ್ಲೇ ಇಡುತ್ತಿದ್ದರು. ಅಪರಿಚಿತರ ಕೈ ಪೊಟ್ಟಣದ ಮೇಲೆ ಅರೆಗಳಿಗೆ ತಡೆಯುವುದನ್ನು ಕಣ್ಣಾರೆ ಕಂಡರೆ ಬೆಲೆಯ ಬಗ್ಗೆ ಮನೆಯಲ್ಲಿ ಕುಳಿತು ಮಾಡುವ ಚರ್ಚೆ ಅಲ್ಲಿಗೇ ಮುಗಿಯುತ್ತದೆ.

ದಾರಿ ತಪ್ಪಿಸುವುದು ರುಚಿ ನೋಡಲು ಕೊಡುವ ಚಮಚ. ಬೆಲ್ಲ, ತೆಂಗಿನ ತುರಿ, ತುಪ್ಪ ಹಾಕಿ ಕಲಸಿಟ್ಟ ಹುರಿಹಿಟ್ಟನ್ನು ಬೇಡ ಎಂದವರೇ ಇಲ್ಲ. ತುಪ್ಪ ಬೆಲ್ಲ ಬೆರೆತರೆ ಯಾವುದು ತಾನೇ ರುಚಿಸುವುದಿಲ್ಲ? ಕೋಕಾ ಕೋಲಾ ಕಂಪನಿ ಸುಮಾರು 2 ಲಕ್ಷ ರುಚಿಪರೀಕ್ಷೆ ನಡೆಸಿ, ಹೊಸ ರುಚಿಯೇ ಗೆದ್ದಿತೆಂದು ನಂಬಿ, 1985ರ ಏಪ್ರಿಲ್ 23ರಂದು ‘ನ್ಯೂ ಕೋಕ್’ ಬಿಡುಗಡೆ ಮಾಡಿತು. ಜನ ಎದ್ದು ಗಲಾಟೆ ಮಾಡಿದರು, 79 ದಿನಗಳಲ್ಲಿ ಹಳೆಯ ರುಚಿ ಮರಳಿ ಬಂತು. ಒಂದು ಗುಟುಕು ಮೆಚ್ಚುವುದು ಬೇರೆ, ಮನೆಯಲ್ಲಿಟ್ಟುಕೊಂಡು ದಿನವೂ ಕುಡಿಯುವುದು ಬೇರೆ ಎಂಬುದು ಅದಕ್ಕೆ ಕೊಡುವ ಕಾರಣಗಳಲ್ಲಿ ಒಂದು. ಹಳೆಯ ಪಾನೀಯದ ಮೇಲೆ ಜನರಿಗಿದ್ದ ಮಮತೆಯನ್ನು ಆ ಪರೀಕ್ಷೆ ಅಳೆಯಲಿಲ್ಲ ಎಂಬುದು ಇನ್ನೊಂದು. ಜಾತ್ರೆಯಲ್ಲಿ ಮಾರಾಟವಾದ ಪೊಟ್ಟಣದ ಕಥೆಯೂ ಅಷ್ಟೇ. ಹೊತ್ತೊಯ್ದವರು ಅದನ್ನು ಬಿಚ್ಚಿದರೋ ಇಲ್ಲವೋ ನಮಗೆ ತಿಳಿಯುವುದಿಲ್ಲ.

ಆದ್ದರಿಂದಲೇ ನನ್ನ ಮತ ನಾಲ್ಕನೆಯ ದಾರಿಗೆ. ಒಂದು ತಿಂಗಳ ಹಣ ಮೊದಲೇ ಪಡೆಯುವುದು, ಪ್ರತಿ ವಾರ ತಾಜಾ ಬೀಸಿದ ಕಾಲು ಕೆ.ಜಿ. ಹಿಟ್ಟನ್ನು ನಾವೇ ಕೈಯಾರೆ ತಲುಪಿಸುವುದು. ಕೆಲವೇ ಮನೆಗಳು, ಹೆಚ್ಚು ಬೇಡ. ಅಮೆರಿಕದಲ್ಲಿ ಝಾಪೋಸ್ ಪಾದರಕ್ಷೆ ವ್ಯಾಪಾರವನ್ನು 1999ರಲ್ಲಿ ಆರಂಭಿಸಿದ ನಿಕ್ ಸ್ವಿನ್‌ಮರ್ನ್ ಮಾಡಿದ್ದೂ ಇದೇ ಜಾತಿಯ ಕೆಲಸ. ದಾಸ್ತಾನು ಇಟ್ಟುಕೊಳ್ಳದೆ, ಅಂಗಡಿಗಳಲ್ಲಿದ್ದ ಶೂಗಳ ಚಿತ್ರ ತೆಗೆದು ಜಾಲತಾಣದಲ್ಲಿ ಹಾಕಿ, ಯಾರಾದರೂ ಕೇಳಿದಾಗ ಅಂಗಡಿಯಿಂದ ಕೊಂಡು ಕಳುಹಿಸಿದರು. ಲಾಭ ಅಲ್ಲಿ ಮುಖ್ಯವಾಗಿರಲಿಲ್ಲ, ನೋಡದೆ ಮುಟ್ಟದೆ ಜನ ಶೂ ಕೊಳ್ಳುತ್ತಾರೆಯೇ ಎಂಬುದು ತಿಳಿಯಬೇಕಿತ್ತು.

ಮುಂಗಡ ಎಂದೊಡನೆ ಪ್ರಶ್ನಾವಳಿಯ ಉತ್ಸಾಹ ಇಳಿಯಿತು. ‘ಖಂಡಿತ’ ಎಂದು ಬರೆದವರಲ್ಲಿ ಬಹುಪಾಲು ಜನ ‘ನಮ್ಮ ಯಜಮಾನರನ್ನು ಕೇಳಿ ಹೇಳುತ್ತೇನೆ ಅಕ್ಕ’ ಎಂದರು. ಹಣ ಕೊಟ್ಟವರಲ್ಲಿ ಹಲವರು ಫಾರ್ಮನ್ನೇ ನೋಡದ, ಮೊಬೈಲನ್ನು ಮಾತನಾಡಲು ಮಾತ್ರ ಬಳಸುವ ಹಿರಿಯರು. ಇದೊಂದೇ ಸಂಗತಿ ತಿಳಿಯಲು ಈ ಪರೀಕ್ಷೆ ಮಾಡಿದ್ದರೂ ಸಾರ್ಥಕವಾಗುತ್ತಿತ್ತು.

ಆದರೆ ಈ ದಾರಿಯ ನಿಜವಾದ ಬೆಲೆ ತಿಳಿದದ್ದು ಮನೆಯೊಳಗೆ ಕಾಲಿಟ್ಟಾಗ. ಸೋಮೇಶ್ವರಪುರದ ಒಂದು ಮನೆಯಲ್ಲಿ ಹೊಸ ಪೊಟ್ಟಣ ಕೊಡಲು ಹೋದರೆ ಹಳೆಯದು ಫ್ರಿಜ್ಜಿನ ಮೇಲೆ, ಬಿಚ್ಚದೆ, ಹಾಗೆಯೇ ಇತ್ತು. ಆ ತಾಯಿ ಸಂಕೋಚದಿಂದಲೇ ಕಾರಣ ಹೇಳಿದರು: ‘ಮಗಳಿಗೆ ಇಷ್ಟವೇ ಅಕ್ಕ. ಆದರೆ ಏಳೂವರೆಗೆ ಶಾಲೆಯ ವ್ಯಾನ್ ಬರುತ್ತದೆ. ಬೆಲ್ಲ ಜಜ್ಜಿ, ಗಂಟು ಕಟ್ಟದ ಹಾಗೆ ಕಲಸುವಷ್ಟು ಪುರುಸೊತ್ತು ಎಲ್ಲಿದೆ?’ ಅವರಿಗೆ ಹಿಟ್ಟಿನ ಬಗ್ಗೆ ದೂರಿರಲಿಲ್ಲ, ತೊಡಕಿದ್ದದ್ದು ಬೆಲ್ಲದಲ್ಲಿ. ಮುಂದಿನ ವಾರದಿಂದ ಮಕ್ಕಳಿರುವ ಮನೆಗೆ ಬೆಲ್ಲದ ಪುಡಿ, ಏಲಕ್ಕಿ ಬೆರೆಸಿದ ಹಿಟ್ಟು; ಮಜ್ಜಿಗೆ ಉಪ್ಪು ಹಾಕಿಕೊಂಡು ತಿನ್ನುವ ಹಿರಿಯರಿಗೆ ಬರೀ ಹಿಟ್ಟು. ಎರಡನೆಯ ತಿಂಗಳ ಹಣ ಕೇಳಿದಾಗ ಹಿರಿಯರು ತಡಮಾಡದೆ ಕೊಟ್ಟರು, ಬೆಲ್ಲದ ಪೊಟ್ಟಣ ಹೋದ ತಾಯಂದಿರೂ ಕೊಟ್ಟರು. ದಿನವೂ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗುವವರೇ ನಮ್ಮ ದೊಡ್ಡ ಗ್ರಾಹಕರು ಎಂದು ಲೆಕ್ಕ ಹಾಕಿದ್ದೆವು. ಅವರಲ್ಲಿ ಒಬ್ಬರೂ ಮುಂದುವರಿಸಲಿಲ್ಲ. ನಿಲ್ಲಲೂ ಜಾಗವಿಲ್ಲದ ಬೋಗಿಯಲ್ಲಿ ಹಿಟ್ಟು ಕಲಸುವುದು ಆಗದ ಮಾತು. ನನ್ನ ಮಟ್ಟಿಗೆ ಮೊದಲ ಹಣ ಕುತೂಹಲದ್ದು, ಎರಡನೆಯ ಹಣ ಅಭ್ಯಾಸದ್ದು. ಯಂತ್ರಕ್ಕೆ ಸಾಲ ಮಾಡಬೇಕಾದದ್ದು ಎರಡನೆಯದನ್ನು ನಂಬಿ.

ಈ ದಾರಿಯಲ್ಲಿ ಜವಾಬ್ದಾರಿಯೂ ಹೆಚ್ಚು. ಪರೀಕ್ಷೆಯೇ ಆದರೂ ಮಾರುವುದು ತಿನ್ನುವ ಪದಾರ್ಥ, ಹಾಗಾಗಿ ಆಹಾರ ಸುರಕ್ಷತೆಯ ನೋಂದಣಿ ಬೇಕೇ ಬೇಕು. ವಾರ್ಷಿಕ ವಹಿವಾಟು 12 ಲಕ್ಷ ರೂಪಾಯಿ ಮೀರದ ಸಣ್ಣವರಿಗೆಂದು ಇದ್ದ ನೋಂದಣಿಗೆ ನಾವು ಮಾಡಿಸಿದಾಗ ಶುಲ್ಕ ವರ್ಷಕ್ಕೆ 100 ರೂಪಾಯಿ. ಮುಂಗಡ ಪಡೆದರೆ, ಬೇಡವೆಂದ ವಾರದಿಂದ ಉಳಿದ ಹಣ ಹಿಂದಿರುಗಿಸುತ್ತೇವೆ ಎಂದು ಬರೆದುಕೊಡಿ, ಹಾಗೆಯೇ ನಡೆದುಕೊಳ್ಳಿ.

ಇನ್ನೆರಡು ವಿಧಾನಗಳನ್ನೂ ಕೆಲವರು ಸೂಚಿಸಿದರು. ಅಂಗಡಿಯಲ್ಲಿ ಇಟ್ಟು, ಮಾರಾಟವಾದ ಮೇಲೆ ಹಣ ಪಡೆಯುವುದು ಒಂದು. ಅದನ್ನೂ ಸ್ವಲ್ಪ ಕಾಲ ಮಾಡಿ ನೋಡಿದೆವು. ಎಷ್ಟು ಮಾರಾಟವಾಯಿತು ಎಂಬುದಷ್ಟೇ ತಿಳಿಯುತ್ತದೆ, ಯಾರು ಏಕೆ ಕೊಂಡರು ಎಂಬುದು ಅಂಗಡಿಯವರಿಗೂ ಗೊತ್ತಿರುವುದಿಲ್ಲ. ಇಲ್ಲದ ಸರಕಿಗೆ ಮೊಬೈಲಿನಲ್ಲಿ ಜಾಹೀರಾತು ಕೊಟ್ಟು, ಕೊಳ್ಳಲೆಂದು ಅದನ್ನು ಎಷ್ಟು ಜನ ಒತ್ತುತ್ತಾರೆ ಎಂದು ಎಣಿಸುವುದು ಇನ್ನೊಂದು. ಅದನ್ನು ನಾವು ಮಾಡಲಿಲ್ಲ. ಮಾರುವ ಉದ್ದೇಶವೇ ಇಲ್ಲದೆ ಜನರನ್ನು ಕರೆಯುವುದು ನನಗೆ ಒಪ್ಪಿಗೆಯಿಲ್ಲ, ಊರು ಸಣ್ಣದಾದಷ್ಟೂ ಅದರ ಹಾನಿ ದೊಡ್ಡದು.

ಸಮಯ ಇರುವವರು ಮೊದಲು ಮಾತುಕತೆ, ಆಮೇಲೆ ಮುಂಗಡ, ನಡುವೆ ಬೆಲೆಗಾಗಿ ಒಂದೆರಡು ದಿನ ಮೇಜು ಎಂದು ಸಾಗಬಹುದು. ಒಂದನ್ನೇ ಮಾಡಬಲ್ಲವರು ಮುಂಗಡವನ್ನೇ ಮಾಡಲಿ. ಮತ್ತೆ ಮತ್ತೆ ಕೊಳ್ಳದ ಸರಕಿಗೆ ಮಾತ್ರ ಈ ಮಾತು ಹೊಂದುವುದಿಲ್ಲ. ತಿಪಟೂರಿನ ಕಡೆ ತೆಂಗಿನಕಾಯಿ ಸುಲಿಯುವ ಯಂತ್ರ ಮಾರಬೇಕೆಂದಿರುವ ಪರಿಚಿತರೊಬ್ಬರು ನನ್ನನ್ನು ಇದನ್ನೇ ಕೇಳಿದರು. ಅದನ್ನು ರೈತರು ಜೀವಮಾನಕ್ಕೆ ಒಮ್ಮೆಯೋ ಎರಡು ಸಲವೋ ಕೊಳ್ಳುತ್ತಾರೆ. ಒಂದೇ ಯಂತ್ರವನ್ನು ತೋಟದಿಂದ ತೋಟಕ್ಕೆ ದಿನಬಾಡಿಗೆಗೆ ಕೊಡಿ, ಮುಂದಿನ ಕೊಯ್ಲಿಗೆ ತಾವಾಗಿಯೇ ಕರೆ ಮಾಡುವವರು ಯಾರು, ಪಕ್ಕದ ತೋಟದವರನ್ನು ಕಳುಹಿಸುವವರು ಯಾರು ಎಂದು ಬರೆದಿಟ್ಟುಕೊಳ್ಳಿ ಎಂದೆ.