ಐಯುಐ, ಐವಿಎಫ್, ಇಕ್ಸಿ: ಗಂಡನ ರಿಪೋರ್ಟ್ ಹೀಗಿದ್ದರೆ ಯಾವುದು?

ಮಕ್ಕಳಾಗದ ದಂಪತಿ ಚಿಕಿತ್ಸೆ ಆರಿಸುವ ಮೊದಲು ಗಂಡನ ವೀರ್ಯ ಪರೀಕ್ಷೆ ಆಗಲಿ. ರಿಪೋರ್ಟ್ ಸರಿಯಿಲ್ಲದಿದ್ದರೆ ಇನ್ನೊಮ್ಮೆ ಮಾಡಿಸಿ. ಪ್ರತಿ ಪರೀಕ್ಷೆಗೂ ಮುನ್ನ 2ರಿಂದ 7 ದಿನ ವೀರ್ಯಸ್ಖಲನ ಆಗಿರಬಾರದು. ಮಾದರಿ ಒಂದು ಗಂಟೆಯೊಳಗೆ ಲ್ಯಾಬ್ ಸೇರಬೇಕು. ಮಡಿಕೇರಿಯ ಮನೆಯಲ್ಲಿ ಸಂಗ್ರಹಿಸಿ ಮೈಸೂರಿಗೆ ಒಯ್ಯಬೇಡಿ, ಪಿರಿಯಾಪಟ್ಟಣ ಮುಟ್ಟುವಷ್ಟರಲ್ಲೇ ಹೊತ್ತು ಮೀರಿರುತ್ತದೆ. ಲ್ಯಾಬಿಗೇ ಹೋಗಿ ಕೊಡಿ.

ಐಯುಐ ಎಂದರೆ ಲ್ಯಾಬಿನಲ್ಲಿ ತೊಳೆದ ವೀರ್ಯವನ್ನು ನೇರ ಗರ್ಭಕೋಶಕ್ಕೆ ಬಿಡುವುದು. ಖರ್ಚು, ಓಡಾಟ ಎರಡರಲ್ಲೂ ಇದು ಹಗುರ. ಅರಿವಳಿಕೆ ಬೇಡ. ಆದರೆ ಹೆಂಡತಿಯ ಗರ್ಭನಾಳ ತೆರೆದಿರಬೇಕು, ತೊಳೆದ ಮೇಲೆ ಚಲಿಸುವ ವೀರ್ಯಾಣು ಸುಮಾರು 50 ಲಕ್ಷವಾದರೂ ಉಳಿಯಬೇಕು. 10 ಲಕ್ಷಕ್ಕಿಂತ ಕಡಿಮೆಯಾದರೆ ಐಯುಐಗೆ ಹಣ ಸುರಿಯುವುದು ವ್ಯರ್ಥ ಎನ್ನಬಹುದು.

ಗರ್ಭನಾಳ ಮುಚ್ಚಿದ್ದು ಗಂಡನ ರಿಪೋರ್ಟ್ ಚೆನ್ನಾಗಿದ್ದರೆ ಸಾಧಾರಣ ಐವಿಎಫ್ (ಅಂಡಾಣುವನ್ನು ಹೊರತೆಗೆದು ಲ್ಯಾಬಿನಲ್ಲಿ ವೀರ್ಯಾಣುಗಳ ಜೊತೆ ಇಡುವುದು) ಸಾಕು. ಇಲ್ಲಿ ವೀರ್ಯಾಣು ತಾನೇ ಅಂಡಾಣುವನ್ನು ಹೊಗಬೇಕು. ಚಲನೆ ತೀರಾ ಕಡಿಮೆಯಿದ್ದರೆ ಒಂದೂ ಅಂಡಾಣು ಫಲಿಸದೆ ಚಿಕಿತ್ಸೆಯ ಆ ಸುತ್ತೇ ಕೈತಪ್ಪಬಹುದು.

ಅಂಥ ಕಡೆ ಇಕ್ಸಿ: ಸೂಜಿಯಿಂದ ಒಂದು ಅಂಡಾಣುವಿಗೆ ಒಂದೇ ವೀರ್ಯಾಣು. ವೀರ್ಯದಲ್ಲಿ ಒಂದೂ ಇಲ್ಲದಿದ್ದರೂ ವೃಷಣದಲ್ಲಿ ಸಿಕ್ಕರೆ ಅಲ್ಲಿಂದ ತೆಗೆದು ಬಳಸಬಹುದು. ಎಣಿಕೆ ಮಿಲಿಲೀಟರ್‌ಗೆ 50 ಲಕ್ಷದೊಳಗಿದ್ದರೆ ಮೊದಲು ಕ್ಯಾರಿಯೋಟೈಪ್ (ಎಲ್ಲ ಕ್ರೋಮೋಸೋಮ್‌ಗಳ ಸಂಖ್ಯೆ, ರಚನೆ ನೋಡುವ ಪರೀಕ್ಷೆ), ಗಂಡಸರಲ್ಲಷ್ಟೇ ಇರುವ ವೈ ಕ್ರೋಮೋಸೋಮ್‌ನ ಪರೀಕ್ಷೆ ಮಾಡಿಸಿ, ಏಕೆಂದರೆ ವೈ ದೋಷ ಮಗನಿಗೂ ಇಳಿಯುತ್ತದೆ. ರಿಪೋರ್ಟ್ ಸರಿಯಿದ್ದವರಿಗೆ ಇಕ್ಸಿ ಖರ್ಚನ್ನಷ್ಟೇ ಹೆಚ್ಚಿಸುತ್ತದೆ. ಅಂಡಾಣುವಿನ ವಯಸ್ಸನ್ನಂತೂ ಮೂರೂ ತಿದ್ದಲಾರವು.

ಹೆಂಡತಿಗೆ ಇನ್ನೂ ಮೂವತ್ತರ ಒಳಗಿನ ವಯಸ್ಸು, ದೋಷವೂ ಅಲ್ಪ ಎಂದರೆ ಮೂರು ತಿಂಗಳು ಕೊಡಿ. ಹೊಸ ವೀರ್ಯಾಣು ಬೆಳೆಯಲು ಸುಮಾರು ಎರಡೂವರೆ ತಿಂಗಳು ಬೇಕು. ಸಿಗರೇಟು ಬಿಡಿ. ಜಿಮ್‌ಗೆಂದು ಟೆಸ್ಟೋಸ್ಟಿರಾನ್ ಚುಚ್ಚಿಸಿಕೊಳ್ಳುತ್ತಿದ್ದರೆ ವೈದ್ಯರಿಗೆ ಮುಚ್ಚಿಡಬೇಡಿ, ಅದು ಎಣಿಕೆಯನ್ನು ಸೊನ್ನೆಗೂ ಇಳಿಸುತ್ತದೆ. ತೋಟಕ್ಕೆ ಔಷಧಿ ಹೊಡೆಯುವಾಗ ಮುಖಗವಸು, ಕೈಗವಸು ಇರಲಿ. ಹೆಂಡತಿಗೆ ಮೂವತ್ತೈದು ದಾಟಿದ್ದರೆ ಕಾಯುತ್ತ ಕೂರದೆ ಈಗಲೇ ತಜ್ಞರನ್ನು ಕಾಣಿ.