ಹಳೆಯ ಆಮ್ನಿಯ ಹಿಂಬದಿ: ಹೆಚ್ಚುವರಿ ಪ್ಲೇಟೋ, ಗ್ಯಾಸ್ ಶಾಕೋ, ಬರೀ ಬುಶ್ಶೋ?

ಹಿಂದಿನ ಪ್ಲೇಟ್ (ಭಾರ ಹೊರುವ ಪಟ್ಟಿ ಸ್ಪ್ರಿಂಗು) ಬಿಚ್ಚಿ ತುಕ್ಕು ತೆಗೆಸಿ, ಬುಶ್ (ಅದರ ತುದಿಗಳೊಳಗಿನ ರಬ್ಬರ್ ಕೊಳವೆ) ಎಲ್ಲಾ ಹೊಸತು ಹಾಕಿಸಿ, ಸಾದಾ ಶಾಕ್ ಅಬ್ಸಾರ್ಬರ್ ಕೂರಿಸಿ. ನನ್ನ ಆಮ್ನಿಗೆ ಸರಿಹೋದದ್ದು ಇದು. ಉಳಿದ ಎರಡು ದಾರಿ ನನಗೆ ಯಾಕೆ ಬೇಡವಾಯಿತು ಅಂತ ಹೇಳಲಿಕ್ಕೆ ಇಷ್ಟುದ್ದ ಬರೆಯುತ್ತಿದ್ದೇನೆ. ಉಡುಪಿಯಲ್ಲಿ ಹಳೆಯ ಆಮ್ನಿ ಇಟ್ಟುಕೊಂಡ ಇಬ್ಬರು ಒಟ್ಟು ಸೇರಿದರೆ ಈ ಮಾತು ಬಂದೇ ಬರ್ತದೆ. ಒಬ್ಬರು "ಒಂದು ಪ್ಲೇಟ್ ಜಾಸ್ತಿ ಹಾಕಿಸಿ ಮಾರಾಯ್ರೆ" ಅಂತಾರೆ, ಇನ್ನೊಬ್ಬರು "ಗ್ಯಾಸಿನ ಶಾಕ್ ಹಾಕಿ, ಕಾರಿನ ಹಾಗೆ ಹೋಗ್ತದೆ" ಅಂತಾರೆ. ಬುಶ್ಶಿನ ಹೆಸರೆತ್ತುವವರೇ ಇಲ್ಲ. ಅದರಲ್ಲಿ ತೋರಿಸಿಕೊಳ್ಳಲಿಕ್ಕೆ ಎಂಥದ್ದೂ ಇಲ್ಲ ನೋಡಿ.

ನನ್ನದು ಅಡುಗೆಯ ಕೆಲಸ. ವ್ಯಾನು 1993ರದ್ದು, ಮಾವ ತೆಗೆದದ್ದು. ಮದುವೆ, ಉಪನಯನ, ಬ್ರಹ್ಮಕಲಶ ಅಂತ ಹೋಗುವಾಗ ಹಿಂದೆ ಹಂಡೆ, ಕಡಾಯಿ, ಒಲೆ, ಸಿಲಿಂಡರು, ಸೀಸನ್ನಿನಲ್ಲಿ ಒಂದು ಗೋಣಿ ಮಟ್ಟುಗುಳ್ಳ ಬದನೆ. ಕಾರ್ಯಕ್ರಮ ಇಲ್ಲದ ದಿನ ಖಾಲಿ ವ್ಯಾನು, ನಾನೊಬ್ಬನೇ. ಖಾಲಿ ಇದ್ದಾಗ ಅದರ ತೂಕ ಎಂಟುನೂರು ಕೆಜಿಯ ಆಚೀಚೆ. ಎಂಜಿನು ಮುಂದಿನ ಸೀಟಿನ ಅಡಿಯಲ್ಲಿ, ಓಡಿಸುವವನು ಹೆಚ್ಚುಕಡಿಮೆ ಮುಂದಿನ ಚಕ್ರದ ಮೇಲೆಯೇ ಕೂತಿರುತ್ತಾನೆ, ಹಾಗಾಗಿ ಹಿಂಬದಿ ಹಗುರ. ಪಾತ್ರೆ ಏರಿಸಿದರೆ ಮಾತ್ರ ಭಾರವೆಲ್ಲ ಹಿಂದಿನ ಆ್ಯಕ್ಸಲ್ ಮೇಲೆ. ಖಾಲಿಗೂ ತುಂಬಿದ್ದಕ್ಕೂ ಇಷ್ಟು ವ್ಯತ್ಯಾಸ ಇರುವ ಗಾಡಿಗೆ ಒಂದು ಸ್ಥಿತಿಗೆ ಒಳ್ಳೆಯದಾದದ್ದು ಇನ್ನೊಂದಕ್ಕೆ ಕೆಟ್ಟದಾಗ್ತದೆ. ಕೇಳಬೇಕಾದ ಪ್ರಶ್ನೆ ಅದು. ಯಾವ ಶಾಕ್ ಒಳ್ಳೆಯದು ಅನ್ನುವುದು ಆಮೇಲೆ.

ನನ್ನ ತಕರಾರು ಎರಡು. ಹೊಂಡ ಸಿಕ್ಕಿದರೆ ಹಿಂದಿನಿಂದ ಢಬ್ ಅಂತ ನೇರ ಬಾಡಿಗೆ ಪೆಟ್ಟು. ಎರಡನೆಯದು ಹೆದ್ದಾರಿಯಲ್ಲಿ: 60 ದಾಟಿದರೆ ಹಿಂಬದಿ ಅಡ್ಡಡ್ಡ ತೇಲಿದ ಹಾಗೆ ಆಗುತ್ತಿತ್ತು. ಉದ್ಯಾವರ ಸೇತುವೆಯ ಮೇಲೆ ಗಾಳಿ ಇದ್ದು, ಪಕ್ಕದಿಂದ ಎಕ್ಸ್‌ಪ್ರೆಸ್ ಬಸ್ಸು ಹಾರನ್ ಬಾರಿಸಿಕೊಂಡು ಹೋದರೆ ಸ್ಟೇರಿಂಗು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿಯಲೇಬೇಕು. ಅಗಲ 1410 ಮಿ.ಮೀ., ಎತ್ತರ 1640 ಮಿ.ಮೀ. ಇರುವ ಡಬ್ಬಿ, ಗಾಳಿಗೆ ಸ್ವಲ್ಪ ಅಲುಗುವುದು ಅದರ ಹುಟ್ಟುಗುಣ. ಆದರೆ ಇದು ಸ್ವಲ್ಪ ಅಲ್ಲ.

ಮೊದಲು ಹೆಚ್ಚುವರಿ ಪ್ಲೇಟಿನ ಕತೆ. ಬ್ರಹ್ಮಾವರದಲ್ಲಿರುವ ನನ್ನ ಭಾವ ತನ್ನ ಆಮ್ನಿಗೆ ಹಾಕಿಸಿದ್ದಾನೆ, ಅಕ್ಕಿ ಮೂಟೆ ಸಾಗಿಸುವವನು. ಆ ವ್ಯಾನನ್ನು ನನ್ನ ಪಾತ್ರೆಗಳನ್ನೇ ಏರಿಸಿಕೊಂಡು ಓಡಿಸಿದ್ದೇನೆ, ಖಾಲಿಯೂ ಓಡಿಸಿದ್ದೇನೆ. ತುಂಬಿದಾಗ ಚಂದ. ಹಿಂಬದಿ ಕೂರುವುದಿಲ್ಲ, ಹಂಪಿಗೆ ಅಡಿ ತಾಗುವುದಿಲ್ಲ. ಖಾಲಿಯಾದರೆ ಆ ಗಟ್ಟಿ ಪ್ಲೇಟು ಬಗ್ಗುವುದೇ ಇಲ್ಲ. ಹಂಪಿನ ಮೇಲೆ ಹಿಂದಿನ ಚಕ್ರ ಟಣ್ಣನೆ ಹಾರ್ತದೆ. ಹಿಂದಿನ ಚಕ್ರಕ್ಕೇ ಎಂಜಿನಿನ ಬಲ ಹೋಗುವ ಗಾಡಿ ಇದು. ಮಳೆಗಾಲದಲ್ಲಿ ಸೋಮೇಶ್ವರದಿಂದ ಆಗುಂಬೆಗೆ ಹತ್ತುವ 14 ತಿರುವುಗಳಲ್ಲಿ ಒಳಬದಿಯ ಚಕ್ರ ನೆಲ ಬಿಟ್ಟು ಗಿರ್ರನೆ ತಿರುಗಿದರೆ ಮುಂದೆ ಹೋಗುವುದು ಹೇಗೆ?

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ ಆಮ್ನಿಯಲ್ಲಿ ಇರುವುದು ಬರೀ 1840 ಮಿ.ಮೀ. ಹಿಂಬದಿಯನ್ನು 50 ಮಿ.ಮೀ. ಎತ್ತಿದರೆ ಇಡೀ ವ್ಯಾನು ಒಂದೂವರೆ ಡಿಗ್ರಿಯಷ್ಟು ಮುಂದಕ್ಕೆ ಬಾಗುತ್ತದೆ. ಹೆಡ್‌ಲೈಟಿನ ಬೆಳಕು 10 ಮೀಟರ್ ದೂರದಲ್ಲಿ ಕಾಲು ಮೀಟರಿಗಿಂತ ಹೆಚ್ಚು ಕೆಳಗೆ ಬೀಳುತ್ತದೆ. ಅದನ್ನು ಸ್ಕ್ರೂ ತಿರುಗಿಸಿ ಸರಿ ಮಾಡಬಹುದು. ಆದರೆ ಮುಂದಿನ ಚಕ್ರದ ಕ್ಯಾಸ್ಟರ್ (ಸ್ಟೇರಿಂಗಿಗೆ ಚಕ್ರ ತಿರುಗುವ ಕೀಲು ಹಿಂದಕ್ಕೆ ವಾಲಿರುವ ಕೋನ) ಕೂಡ ಅಷ್ಟೇ ಡಿಗ್ರಿ ಕಡಿಮೆಯಾಗ್ತದೆ. ತಿರುವು ಮುಗಿದ ಮೇಲೆ ಸ್ಟೇರಿಂಗನ್ನು ತಾನಾಗಿ ನೇರಕ್ಕೆ ತರುವುದು, ಹೆದ್ದಾರಿಯಲ್ಲಿ ಗಾಡಿಯನ್ನು ನೆಟ್ಟಗೆ ಹಿಡಿಯುವುದು ಅದೇ ಕೋನ. ಅಂದರೆ ತೇಲುವ ಗಾಡಿಗೆ ಈ ಮದ್ದು ಕೊಟ್ಟರೆ ಇನ್ನಷ್ಟು ತೇಲ್ತದೆ. ಭಾವನಿಗೆ ಹೇಳಿದೆ. "ನಿಮಗೆ ಲೋಡು ಹಾಕಿ ಗೊತ್ತಿಲ್ಲ ಭಾವ" ಅಂದ. ಅವನ ಮಟ್ಟಿಗೆ ಸರಿಯೇ, ಅವನ ವ್ಯಾನು ಖಾಲಿ ಇರುವುದು ರಾತ್ರಿ ಅಂಗಳದಲ್ಲಿ ಮಾತ್ರ.

ಗ್ಯಾಸ್ ಶಾಕನ್ನು ನನ್ನ ವ್ಯಾನಿಗೇ ಹಾಕಿ ನೋಡಿದೆ. ಹೊಂಡದ ರಸ್ತೆಯಲ್ಲಿ ಒಂದೇ ಸಮ ಓಡಿದರೆ ಸಾದಾ ಶಾಕಿನ ಒಳಗಿನ ಎಣ್ಣೆ ನೊರೆಯಾಗಿ ಹಿಡಿತ ಕಳೆದುಕೊಳ್ತದೆ. ನೈಟ್ರೋಜನ್ ತುಂಬಿದ್ದರಲ್ಲಿ ಅದು ಕಡಿಮೆ. ಮಾಲು ಸುಳ್ಳಲ್ಲ. ಆದರೆ ಶಾಕ್ ಅಂದರೆ ಭಾರ ಹೊರುವುದಲ್ಲ, ಭಾರ ಹೊರುವುದು ಪ್ಲೇಟು. ಪ್ಲೇಟು ಕುಣಿಯುವುದನ್ನು ನಿಲ್ಲಿಸುವುದಷ್ಟೇ ಶಾಕಿನ ಕೆಲಸ. ಕುಣಿತ ನಿಂತಿತು, ಢಬ್ ನಿಲ್ಲಲಿಲ್ಲ, ತೇಲುವುದೂ ನಿಲ್ಲಲಿಲ್ಲ. ಹಿರಿಯಡ್ಕದ ಒಂದು ಮದುವೆಗೆ ಪಾಯಸದ ಹಂಡೆ ಮುಚ್ಚಳಕ್ಕೆ ಬಟ್ಟೆ ಕಟ್ಟಿ ಕೊಂಡುಹೋಗಿದ್ದೆವು. ಇಳಿಸುವಾಗ ನೋಡಿದರೆ ಹಂಡೆಯ ಬಲಗಡೆ ಮಾತ್ರ ಗೋಡಂಬಿ ಸಮೇತ ಒಂದು ಧಾರೆ ಇಳಿದು ಮ್ಯಾಟಿನ ಮೇಲೆ ಒಣಗಿ ಅಂಟಿತ್ತು. ಪಾಯಸ ಮೇಲಕ್ಕೆ ಹಾರಿದ್ದಲ್ಲ, ಪಕ್ಕಕ್ಕೆ ಸರಿದದ್ದು. ಶಾಕಿಗೂ ಇದಕ್ಕೂ ಸಂಬಂಧ ಇಲ್ಲ ಅಂತ ಅಲ್ಲೇ ಗೊತ್ತಾಯಿತು.

ಆಮ್ನಿಯಂಥ ಗಾಡಿಯಲ್ಲಿ ಹಿಂದಿನ ಆ್ಯಕ್ಸಲನ್ನು ಅದರ ಜಾಗದಲ್ಲಿ ಹಿಡಿದಿಟ್ಟುಕೊಳ್ಳುವುದೇ ಪ್ಲೇಟು. ಪ್ಲೇಟಿನ ಎರಡು ತುದಿಯ ಉಂಗುರದಂಥ ಕಿವಿಗಳೊಳಗಿನ ರಬ್ಬರ್ ಬುಶ್ ಸವೆದರೆ ಆ್ಯಕ್ಸಲ್ ಆಚೀಚೆ ಸರಿಯುತ್ತದೆ. ಹಿಂದಿನ ಚಕ್ರಗಳೂ ಚೂರು ಸ್ಟೇರಿಂಗ್ ಮಾಡುತ್ತವೆ ಅಂದರೂ ತಪ್ಪಿಲ್ಲ. ತೇಲುವುದು ಅದೇ. ಇನ್ನು ಢಬ್: ಭಾರಕ್ಕೆ ಪ್ಲೇಟು ಚಪ್ಪಟೆಯಾಗುವಾಗ ಉದ್ದವಾಗ್ತದೆ, ಆ ಉದ್ದಕ್ಕೆ ಜಾಗ ಕೊಡಲಿಕ್ಕೆ ಒಂದು ತುದಿಯಲ್ಲಿ ತೂಗುವ ಶ್ಯಾಕಲ್ ಇರುವುದು. ನನ್ನ ವ್ಯಾನಿನ ಶ್ಯಾಕಲ್ ಎರಡೂ ತುಕ್ಕಿನಲ್ಲಿ ಕಚ್ಚಿ ನಿಂತುಬಿಟ್ಟಿದ್ದವು. ಪ್ಲೇಟು ಉದ್ದವಾಗಲಿಕ್ಕೆ ಜಾಗವೇ ಇಲ್ಲ, ಹೊಂಡದ ಪೆಟ್ಟೆಲ್ಲ ಚಾಸಿಗೆ.

ಅದನ್ನು ಬಿಚ್ಚುವುದು ಅಂದರೆ ಸಾವು ಮಾರಾಯ್ರೆ. ಘಟ್ಟದ ಮೇಲಿನವರಿಗೆ ಇದು ಅರ್ಥ ಆಗುವುದಿಲ್ಲ. ಮಲ್ಪೆಯ ಕಡೆಯಿಂದ ಬರುವ ಉಪ್ಪುಗಾಳಿ, ಮೇಲಿಂದ ನಾಲ್ಕು ತಿಂಗಳು ಮಳೆ, ಅಡಿಯಲ್ಲಿ ಕೆಂಪು ಮಣ್ಣಿನ ಕೆಸರು ಮೆತ್ತಿಕೊಂಡು ಒಣಗಿ ಮತ್ತೆ ಒದ್ದೆಯಾಗಿ, ಪಿನ್ನು ಯಾವುದು ಬುಶ್ ಯಾವುದು ಗೊತ್ತೇ ಆಗುವುದಿಲ್ಲ. ಸಂತೆಕಟ್ಟೆಯ ಹತ್ತಿರದ ಗ್ಯಾರೇಜಿನ ಹುಡುಗ ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಸ್ಪ್ರೇ ಮಾಡಿ ಇಟ್ಟ. ಮರುದಿನ ಸ್ಪಾನರಿಗೆ ಪೈಪು ಸಿಕ್ಕಿಸಿ ಇಬ್ಬರು ಎಳೆದರು. ನಟ್ಟು ಬಂತು, ಪಿನ್ನು ಬರಲಿಲ್ಲ. ಸುತ್ತಿಗೆಯಲ್ಲಿ ಹೊಡೆದರೆ ಪಿನ್ನಿನ ತುದಿ ಅಣಬೆಯ ಹಾಗೆ ಅಗಲವಾಯಿತು, ಒಳಗೆ ಹೋಗಲಿಲ್ಲ.

"ಭಟ್ರೇ, ಇದು ಬಿಚ್ಚುವ ಕೇಸಲ್ಲ, ಕೊಯ್ಯುವ ಕೇಸು" ಅಂದ ಅವನು. ಗ್ಯಾಸ್ ಕಟ್ಟಿಂಗ್ ತರಿಸ್ತೇನೆ ಅಂತ ಹೊರಟವನನ್ನು ನಾನೇ ತಡೆದೆ. ಪೆಟ್ರೋಲ್ ಗಾಡಿಯ ಅಡಿಯಲ್ಲಿ ಬೆಂಕಿ ಬೇಡಪ್ಪ, ಒಲೆಯ ಮುಂದೆಯೇ ಬದುಕುವವನು ನಾನು. ಕೊನೆಗೆ ತೆಳು ಬ್ಲೇಡ್ ಹಾಕಿದ ಗ್ರೈಂಡರಿನಲ್ಲಿ ಶ್ಯಾಕಲಿನ ತಗಡಿಗೂ ಪ್ಲೇಟಿನ ಕಿವಿಗೂ ನಡುವಿನ ಸಂದಿಯಲ್ಲಿ ಕೊಯ್ದು ತೆಗೆದದ್ದು. ಬಲಗಡೆಯದ್ದು ಕೊಯ್ದಾಗ ಸುಟ್ಟ ರಬ್ಬರಿನ ವಾಸನೆ, ಹೊರಗೆ ಬಂದ ಬುಶ್ ಮೊಟ್ಟೆಯಾಕಾರಕ್ಕೆ ಸವೆದು ಒಂದು ಬದಿ ಕಾಗದದಷ್ಟೂ ಉಳಿದಿರಲಿಲ್ಲ. ಪಾಯಸ ಚೆಲ್ಲಿದ್ದೂ ಬಲಗಡೆಗೇ ತಾನೆ.

ಹಾಗಾಗಿ ಈ ಕೆಲಸಕ್ಕೆ ಹೋಗುವಾಗ ಬುಶ್ ಮಾತ್ರ ಕೊಂಡುಹೋಗಬೇಡಿ. ಶ್ಯಾಕಲ್, ಪಿನ್ನು, ಪ್ಲೇಟನ್ನು ಆ್ಯಕ್ಸಲಿಗೆ ಬಿಗಿಯುವ ಯು-ಬೋಲ್ಟು ಎಲ್ಲ ಮೊದಲೇ ತಂದಿಡಿ. ಇಲ್ಲದಿದ್ದರೆ ವ್ಯಾನು ಜಾಕಿನ ಮೇಲೆ, ನೀವು ಮಂಗಳೂರಿನ ಸ್ಪೇರ್ಸ್ ಅಂಗಡಿಗೆ ಬಸ್ಸಿನಲ್ಲಿ. ಆಮ್ನಿ ತಯಾರಿ ನಿಂತದ್ದು 2019ರಲ್ಲಿ, ಸಾಮಾನಿಗೆ ಇನ್ನೂ ಬರಗಾಲ ಬಂದಿಲ್ಲ, ಆದರೆ ಡೂಪ್ಲಿಕೇಟ್ ಬುಶ್ ಬೇಕಾದಷ್ಟು ಉಂಟು. ಉಗುರಿನಲ್ಲಿ ಒತ್ತಿದರೆ ಗುರುತು ಉಳಿಯುವ ರಬ್ಬರು ಬೇಡ. ಬುಶ್ ಕೂರಿಸಲಿಕ್ಕೆ ಸಾಬೂನು ನೀರು ಸಾಕು, ಗ್ರೀಸು ಹಚ್ಚಿದರೆ ರಬ್ಬರು ಊದಿ ಹಾಳಾಗ್ತದೆ. ಬೋಲ್ಟುಗಳ ಕೊನೆಯ ಟೈಟು ವ್ಯಾನನ್ನು ನೆಲಕ್ಕಿಳಿಸಿ, ಭಾರ ಚಕ್ರದ ಮೇಲೆ ಬಿದ್ದ ಮೇಲೆಯೇ. ಎತ್ತಿಟ್ಟಲ್ಲೇ ಬಿಗಿದರೆ ಇಳಿಸಿದ ಕೂಡಲೇ ರಬ್ಬರು ತಿರುಚಿಕೊಂಡು ಬೇಗ ಹರಿಯುತ್ತದೆ. ಇದನ್ನು ಎದುರು ನಿಂತು ಮಾಡಿಸಬೇಕು, ಗ್ಯಾರೇಜಿನಲ್ಲಿ ಯಾರಿಗೂ ಅಷ್ಟು ಪುರುಸೊತ್ತು ಇರುವುದಿಲ್ಲ.

ಪ್ಲೇಟುಗಳನ್ನು ಬಿಡಿಬಿಡಿ ಮಾಡಿ ತಂತಿ ಬ್ರಷ್ಷಿನಲ್ಲಿ ಉಜ್ಜಿ, ನಡುವೆ ಗ್ರಾಫೈಟ್ ಗ್ರೀಸ್ ತೆಳ್ಳಗೆ ಸವರಿದೆವು. ಕಿರ್‌ಕಿರ್ ಹೋಯಿತು.

ಮುಂದಿನ ಸ್ಪ್ರಿಂಗಿನ ಸುತ್ತುಗಳ ನಡುವೆ ಸಿಕ್ಕಿಸುವ ರಬ್ಬರ್ ಉಂಡೆ: ಬೇಡ. ಅಗಲ ಟೈರು, ಅಲಾಯ್ ಚಕ್ರ: 12 ಇಂಚಿನ ಚಕ್ರದ ಗಾಡಿಗೆ ಅದೆಲ್ಲ ವೇಷ. ಟೈರಿನ ಗಾಳಿ ಮಾತ್ರ ತುಂಬಿದ ದಿನಕ್ಕೆ ಒಂದು, ಖಾಲಿ ದಿನಕ್ಕೆ ಒಂದು ಅಂತ ನೋಡಿಕೊಳ್ಳಿ. ಖಾಲಿ ವ್ಯಾನಿಗೆ ಲೋಡಿನ ಗಾಳಿ ಇದ್ದರೆ ಎಷ್ಟು ಒಳ್ಳೆಯ ಬುಶ್ ಹಾಕಿದರೂ ಕುಲುಕುತ್ತದೆ.

ಈಗ ಉದ್ಯಾವರ ಸೇತುವೆಯ ಮೇಲೆ ಬಸ್ಸು ದಾಟಿದರೆ ವ್ಯಾನು ಒಮ್ಮೆ ಅಲುಗಿ ಅಲ್ಲಿಗೇ ನಿಲ್ತದೆ. ಪೂರ್ತಿ ಲೋಡಿನಲ್ಲಿ ಹಿಂಬದಿ ಸ್ವಲ್ಪ ಕೂರುವುದು ನಿಜ, ದೊಡ್ಡ ಹಂಪಿಗೆ ನಿಧಾನ ಮಾಡಬೇಕು. ನನಗೆ ಅಡ್ಡಿಯಿಲ್ಲ, ಪಾಯಸ ಇಟ್ಟುಕೊಂಡು ಯಾರು ಜೋರು ಹೋಗ್ತಾರೆ? ಖರ್ಚು ನೋಡಿದರೆ ಬುಶ್ಶಿನದ್ದು ಲೆಕ್ಕಕ್ಕೇ ಇಲ್ಲ, ಕೂಲಿಯೇ ಹೆಚ್ಚು. ದಿನಾ ಮೂಟೆ ಹೊರುವವರು ಭಾವನ ಹಾಗೆ ಪ್ಲೇಟ್ ಸೇರಿಸಿಕೊಳ್ಳಿ, ಆದರೆ ಬುಶ್ ಬದಲಿಸಿದ ಮೇಲೆ. ಕೈಯಲ್ಲಿ ದುಡ್ಡು ಉಳಿದು, ಹೊಂಡದ ರಸ್ತೆಯಲ್ಲೇ ದಿನ ಕಳೆಯುವವರು ಗ್ಯಾಸ್ ಶಾಕ್ ಹಾಕಿ, ಅದೂ ಬುಶ್ ಬದಲಿಸಿದ ಮೇಲೆಯೇ. ನನ್ನ ಗ್ಯಾಸ್ ಶಾಕ್ ಜೋಡಿಯನ್ನು ಬಿಚ್ಚಿ ಭಾವನಿಗೆ ಕೊಟ್ಟಿದ್ದೇನೆ, ಅವನ ಹಾರುವ ವ್ಯಾನಿಗೆ ಅದರ ಉಪಯೋಗ ಜಾಸ್ತಿ. ದುಡ್ಡಿನ ಬದಲು ಒಂದು ಮೂಟೆ ಕುಚ್ಚಲಕ್ಕಿ ಕೊಡ್ತೇನೆ ಅಂದಿದ್ದಾನೆ, ಇನ್ನೂ ಬಂದಿಲ್ಲ.